ಪ್ರಸವವೇದನೆಯೂ ಬಿಸಿನೀರೂ

ಬಾವಿಯಿಂದ ನೀರು ಸೇದಿದವರಿಗೆಲ್ಲ ಒಂದು ಸಂಗತಿಯು ಗೊತ್ತಿರುವುದು. ತುಂಬಿದ ಕೊಡವು ನೀರಿನೊಳಗೆ ಇರುವ ತನಕ ಹಗ್ಗವು ಕೈಗೆ ಹಗುರವಾಗಿ ತೋರುತ್ತದೆ. ಕೊಡವು ನೀರಿನಿಂದ ಮೇಲಕ್ಕೆ ಬಂದ ಕೂಡಲೇ ಅದರ ಭಾರವೆಲ್ಲವೂ ತೋಳಿಗೆ ಬೀಳುತ್ತದೆ. ಆರ್ಕಿಮಿಡೀಸನ ತತ್ತ್ವವನ್ನು ಕಲಿಸುವಾಗ ಉಪಾಧ್ಯಾಯಿನಿಯರು ಕೊಡುವ ಈ ದೃಷ್ಟಾಂತವನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರು ಮರೆತಿರಲಾರರು. ಅದೇ ತತ್ತ್ವವು ಸ್ತ್ರೀಯ ಬಾಳಿನ ಅತಿ ಕಷ್ಟದ ಗಳಿಗೆಗಳಲ್ಲಿ ಒಂದಾದ ಪ್ರಸವಕಾಲದಲ್ಲಿ ಹೇಗೆ ಉಪಯೋಗಕ್ಕೆ ಬರುತ್ತದೆಂಬುದನ್ನು ಈ ಲೇಖನದಲ್ಲಿ ವಿವರಿಸಲು ಯತ್ನಿಸುವೆವು.

ಇಂಥ ವಿಷಯವು ಶಾಲೆಯ ಸ್ಮರಣ ಸಂಚಿಕೆಗೆ ತಕ್ಕದ್ದೇ ಎಂದು ಕೆಲವರು ಕೇಳಬಹುದು. ಹೆರಿಗೆಯ ನೋವಿನ ಮಾತನ್ನು ಎತ್ತದಿರುವುದೇ ಮರ್ಯಾದೆಯೆಂದೂ, ಹಲ್ಲು ಕಚ್ಚಿ ಬಾಯಿಬಿಡದೆ ಸಹಿಸುವುದೇ ಹೆಣ್ಣಿನ ಗುಣವೆಂದೂ ನಮ್ಮಲ್ಲಿ ಬಹು ಕಾಲದಿಂದ ತಿಳಿದು ಬಂದಿದ್ದಾರೆ. ಸಹನೆಯು ದೊಡ್ಡ ಗುಣವೆಂಬುದರಲ್ಲಿ ಸಂದೇಹವಿಲ್ಲ. ಆದರೆ ತಗ್ಗಿಸಬಹುದಾದ ನೋವನ್ನು ತಗ್ಗಿಸದೆ ಬಿಡುವುದು ಸಹನೆಯಲ್ಲ, ಅದು ಅಲಕ್ಷ್ಯ. ನೋವಿನ ಭಯದಿಂದ ಬೆದರಿದವಳ ಮೈಯು ಬಿಗಿಯುತ್ತದೆ. ಬಿಗಿದ ಮೈಗೆ ನೋವು ಇನ್ನೂ ಹೆಚ್ಚುತ್ತದೆ. ಆದುದರಿಂದ ಈ ವಿಷಯದಲ್ಲಿ ತಿಳುವಳಿಕೆಯು ತಾಯಂದಿರಾದವರಿಗೂ, ಹೆಣ್ಣುಮಕ್ಕಳನ್ನು ಹೆರಿಗೆಗೆ ತವರಿಗೆ ಕರೆತರುವ ತಂದೆತಾಯಿಗಳಿಗೂ ಅಗತ್ಯವೆಂದು ನಾವು ಎಣಿಸುತ್ತೇವೆ.

ಹಿಂದಿನವರು ಕಂಡದ್ದು

ಬಿಸಿನೀರಿಗೂ ಹೆರಿಗೆಗೂ ನಮ್ಮ ನಾಡಿನಲ್ಲಿರುವ ನಂಟು ಹೊಸತಲ್ಲ. ಹೆರಿಗೆಯು ಸಮೀಪಿಸಿದ ಸ್ತ್ರೀಯ ಮೈಗೆ ಎಣ್ಣೆ ಹಚ್ಚಿ, ಬಿಸಿನೀರನ್ನೆರೆದು, ಆ ಮೇಲೆ ಗಂಜಿಯನ್ನು ಸಾಕೆನ್ನುವಷ್ಟು ಕುಡಿಸಬೇಕೆಂದು ಸುಶ್ರುತಸಂಹಿತೆಯ ಶಾರೀರಸ್ಥಾನದ ಹತ್ತನೆಯ ಅಧ್ಯಾಯದಲ್ಲಿ ವಿಧಿಸಿದೆ. ಬೇನೆ ತಿನ್ನುವವಳ ಸೊಂಟಕ್ಕೆ ಹಂಡೆಯ ಬಿಸಿನೀರನ್ನು ಹದವಾಗಿ ಹೊಯ್ಯುವ ಸೂಲಗಿತ್ತಿಯರನ್ನು ನಮ್ಮ ಅಜ್ಜಿಯಂದಿರು ಬಲ್ಲವರಾಗಿದ್ದರು. ಹೆರಿಗೆಯಾದ ಮೇಲಿನ ಬಾಣಂತಿಯ ಸ್ನಾನವು ಬೇರೆ. ನಾವು ಇಲ್ಲಿ ಹೇಳುವುದು ಬೇನೆಯ ಹೊತ್ತಿನಲ್ಲಿಯೇ ನೀರಿನಿಂದಾಗುವ ಉಪಶಮನದ ವಿಷಯ.

ಯುರೋಪಿನ ವೈದ್ಯರ ಬರಹಗಳಲ್ಲಿ ಈ ಸಂಗತಿಯು 19ನೆಯ ಶತಮಾನದ ಆರಂಭದಲ್ಲಿ ಕಾಣಿಸುತ್ತದೆ. ಫ್ರಾನ್ಸಿನಲ್ಲಿ ಎರಡು ದಿವಸಗಳ ಬೇನೆಯಿಂದ ಬಳಲಿದ್ದ ಒಬ್ಬಾಕೆಯನ್ನು ಆಯಾಸ ಪರಿಹಾರಕ್ಕಾಗಿ ಬೆಚ್ಚನೆಯ ನೀರಿನ ತೊಟ್ಟಿಯಲ್ಲಿ ಕುಳ್ಳಿರಿಸಿದಾಗ ಸ್ವಲ್ಪ ಹೊತ್ತಿನೊಳಗೆ ಅಲ್ಲಿಯೇ ಶಿಶುವು ಜನಿಸಿತು. ಎಂಬ್ರಿ ಎಂಬ ವೈದ್ಯರು ಬರೆದ ಈ ವೃತ್ತಾಂತವು 1805ರಲ್ಲಿ ಮಾಂಟ್‌ಪೆಲಿಯರ್ ನಗರದ ವೈದ್ಯ ಸಂಘದ ಪತ್ರಿಕೆಯಲ್ಲಿ ಪ್ರಕಟವಾಯಿತು. ಆ ಬಳಿಕ ಬಹು ಕಾಲ ಅದನ್ನು ಯಾರೂ ಮುಂದುವರಿಸಲಿಲ್ಲ.

1970ರ ದಶಕದಲ್ಲಿ ಅದೇ ಫ್ರಾನ್ಸ್ ದೇಶದ ಪಿತಿವಿಯೆ ಎಂಬ ಊರಿನ ಆಸ್ಪತ್ರೆಯಲ್ಲಿ ಮಿಶೆಲ್ ಒಡೆನ್ ಎಂಬ ಶಸ್ತ್ರವೈದ್ಯರು ಹೆರಿಗೆಯ ಕೋಣೆಯಲ್ಲಿ ಬೆಚ್ಚನೆಯ ನೀರಿನ ಕೊಳವೊಂದನ್ನು ಇರಿಸಿದರು. ಶಿಶುವು ನೀರಿನಲ್ಲಿ ಹುಟ್ಟಬೇಕೆಂಬುದು ಅವರ ಉದ್ದೇಶವಾಗಿರಲಿಲ್ಲ. ಬೆನ್ನುನೋವಿನಿಂದ ನರಳುತ್ತ, ಬೇನೆಯು ಮುಂದೆ ಸಾಗದೆ ಸೋತವರಿಗೆ ಔಷಧವಿಲ್ಲದೆ ಸಮಾಧಾನ ಮಾಡಬೇಕೆಂಬುದೇ ಅವರ ಇಚ್ಛೆಯಾಗಿತ್ತು. ಕೆಲವರು ನೀರು ತುಂಬುವ ಸದ್ದನ್ನು ಕೇಳಿದ ಮಾತ್ರಕ್ಕೆ ನೆಮ್ಮದಿಗೊಳ್ಳುತ್ತಿದ್ದರೆಂದು ಅವರು ಬರೆದಿದ್ದಾರೆ. ಕೊಳದಿಂದ ಏಳಲು ಸಮಯವೂ ಮನಸ್ಸೂ ಇಲ್ಲದ ಕೆಲವರಿಗೆ ಅಲ್ಲಿಯೇ ಹೆರಿಗೆಯಾಯಿತು. ಅಂಥ ನೂರು ಹೆರಿಗೆಗಳ ವರದಿಯನ್ನು ಅವರು 1983ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಇಂಗ್ಲೆಂಡಿನಲ್ಲಿ 1992ರಲ್ಲಿ ಪಾರ್ಲಿಮೆಂಟಿನ ಆರೋಗ್ಯ ಸಮಿತಿಯು, ಸಾಧ್ಯವಾದಲ್ಲೆಲ್ಲ ಆಸ್ಪತ್ರೆಗಳು ಇಂಥ ಕೊಳಗಳನ್ನು ಒದಗಿಸಬೇಕೆಂದು ಸಲಹೆ ಮಾಡಿತು.

ನೀರು ನೆರವಾಗುವ ಬಗೆ

ಇದಕ್ಕೆ ಮೂರು ಕಾರಣಗಳನ್ನು ಹೇಳಬಹುದು. ಮೊದಲನೆಯದು, ಮೇಲೆ ಹೇಳಿದ ಕೊಡದ ದೃಷ್ಟಾಂತವೇ. ಎದೆಯ ತನಕ ನೀರಿನಲ್ಲಿ ಕುಳಿತವಳ ಮೈಯನ್ನು ನೀರು ಎತ್ತಿ ಹಿಡಿಯುತ್ತದೆ. ತುಂಬಿದ ಬಸುರಿನ ಭಾರವು ಸೊಂಟದಿಂದ ಇಳಿಯುತ್ತದೆ. ಮಂಚದ ಮೇಲೆ ಒಂದು ಮಗ್ಗುಲಿಂದ ಇನ್ನೊಂದು ಮಗ್ಗುಲಿಗೆ ತಿರುಗಲಾರದವಳು ನೀರಿನಲ್ಲಿ ಮೊಣಕಾಲೂರಿ ನಿಲ್ಲಬಲ್ಲಳು, ಮುಂದಕ್ಕೆ ಬಾಗಬಲ್ಲಳು. ಎರಡನೆಯದು, ನೀರಿನ ಬೆಚ್ಚಗು. ಅದರಿಂದ ಬೆನ್ನಿನ ಮತ್ತು ತೊಡೆಗಳ ಬಿಗಿದ ಸ್ನಾಯುಗಳು ಸಡಿಲವಾಗುತ್ತವೆ. ಅದಲ್ಲದೆ ಚರ್ಮದಿಂದ ಹೊರಡುವ ಸುಖದ ಸಂವೇದನೆಯು ನೋವಿನ ಸಂದೇಶವನ್ನು ಬೆನ್ನುಹುರಿಯಲ್ಲಿಯೇ ಕೊಂಚ ತಡೆಯಬಲ್ಲದು. ಮೆಲ್‌ಝಾಕ್ ಮತ್ತು ವಾಲ್ ಎಂಬ ವಿಜ್ಞಾನಿಗಳು 1965ರಲ್ಲಿ ಮಂಡಿಸಿದ ಸಿದ್ಧಾಂತವು ಇದನ್ನು ಒಂದು ಬಾಗಿಲಿಗೆ ಹೋಲಿಸುತ್ತದೆ. ಪೆಟ್ಟು ತಗಲಿದ ಜಾಗವನ್ನು ನಾವು ಕೂಡಲೇ ಕೈಯಿಂದ ಉಜ್ಜುವುದೂ ಈ ಕಾರಣದಿಂದಲೇ. ಮೂರನೆಯದು, ಮನಸ್ಸಿನ ನೆಮ್ಮದಿ. ಭಯಪಟ್ಟಾಗ ದೇಹದಲ್ಲಿ ಹೆಚ್ಚುವ ಅಡ್ರಿನಲಿನ್ ಎಂಬ ರಸವು ಗರ್ಭಾಶಯದ ಕೆಲಸಕ್ಕೆ ಅಡ್ಡಿಯಾಗುತ್ತದೆ. ನೆಮ್ಮದಿಯಿಂದಿರುವಾಗ ಆಕ್ಸಿಟೋಸಿನ್ ಎಂಬ ರಸವು ಸರಾಗವಾಗಿ ಒಸರಿ ಆ ಕೆಲಸವನ್ನು ಮುಂದುವರಿಸುತ್ತದೆ.

ಪರೀಕ್ಷೆಗಳು ತಿಳಿಸಿದ್ದು

ಒಬ್ಬಿಬ್ಬರ ಅನುಭವದಿಂದ ಸಿದ್ಧಾಂತವನ್ನು ಕಟ್ಟಬಾರದು. ಆದುದರಿಂದ ಹಲವು ದೇಶಗಳಲ್ಲಿ ಗರ್ಭಿಣಿಯರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ನೀರಿನ ಸೌಕರ್ಯವನ್ನು ಕೊಟ್ಟು, ಇನ್ನೊಂದಕ್ಕೆ ಕೊಡದೆ, ಪರಿಣಾಮಗಳನ್ನು ಹೋಲಿಸಿ ನೋಡಿದರು. ಅಂಥ 15 ಪರೀಕ್ಷೆಗಳನ್ನು, ಒಟ್ಟು 3,663 ಸ್ತ್ರೀಯರ ಲೆಕ್ಕವನ್ನು, ಕಾಕ್ರೇನ್ ಸಂಸ್ಥೆಯವರು 2018ರಲ್ಲಿ ಒಟ್ಟುಗೂಡಿಸಿದರು. ಬೇನೆಯ ಮೊದಲನೆಯ ಹಂತದಲ್ಲಿ ನೀರಿನಲ್ಲಿದ್ದವರಿಗೆ ಬೆನ್ನಿನಲ್ಲಿ ಚುಚ್ಚುವ ಎಪಿಡ್ಯೂರಲ್ ಮುಂತಾದ ಅರಿವಳಿಕೆಯ ಅಗತ್ಯವು ಸ್ವಲ್ಪ ಕಡಿಮೆಯಾಗುತ್ತದೆಂದು ತಿಳಿದುಬಂತು. ವ್ಯತ್ಯಾಸವು ದೊಡ್ಡದಲ್ಲ, ಆದರೆ ತಾಯಿಗಾಗಲಿ ಮಗುವಿಗಾಗಲಿ ಅದರಿಂದ ಕೇಡಾಯಿತೆಂಬುದಕ್ಕೆ ಆಧಾರವು ಕಾಣಲಿಲ್ಲ. ಶಸ್ತ್ರಕ್ರಿಯೆಯ ಹೆರಿಗೆಗಳು ಇದರಿಂದ ಕಡಿಮೆಯಾಗುತ್ತವೆಂದೂ ಹೇಳುವಂತಿಲ್ಲ. ನೀರು ನೋವನ್ನು ಇಲ್ಲವಾಗಿಸುವುದಿಲ್ಲ; ತಾಳಿಕೊಳ್ಳುವಂತೆ ಮಾಡುತ್ತದೆ, ಇಷ್ಟೇ.

ಇಲ್ಲಿ ಓದುಗರು ಒಂದು ಭೇದವನ್ನು ಚೆನ್ನಾಗಿ ಮನಸ್ಸಿನಲ್ಲಿಡಬೇಕು. ಬೇನೆಯ ಹೊತ್ತಿನಲ್ಲಿ ನೀರಿನಲ್ಲಿ ಕುಳಿತುಕೊಳ್ಳುವುದು ಒಂದು. ಶಿಶುವನ್ನು ನೀರಿನೊಳಗೇ ಹೆರುವುದು ಮತ್ತೊಂದು. ಮೊದಲನೆಯದರ ವಿಷಯದಲ್ಲಿ ವೈದ್ಯರಲ್ಲಿ ಬಹುಮಟ್ಟಿಗೆ ಒಮ್ಮತವುಂಟು, ಎರಡನೆಯದರಲ್ಲಿ ಭಿನ್ನಾಭಿಪ್ರಾಯವುಂಟು. ಅಮೇರಿಕದ ಪ್ರಸೂತಿ ವೈದ್ಯರ ಮಂಡಲಿಯು 2016ರಲ್ಲಿ, ಬೇನೆಯ ಮೊದಲ ಹಂತದಲ್ಲಿ ನೀರು ಆಗಬಹುದು, ಹೆರಿಗೆಯು ಮಾತ್ರ ನೀರಿನ ಹೊರಗೆ ಆಗಲಿ ಎಂದು ಸಲಹೆ ಕೊಟ್ಟಿತು. ಬ್ರಿಟನ್ನಿನಲ್ಲಿಯಾದರೋ ಆರೋಗ್ಯವಂತ ಸ್ತ್ರೀಯರಿಗೆ ಎರಡಕ್ಕೂ ಅವಕಾಶವಿದೆ. ಅಲ್ಲಿ 1994ರಿಂದ 1996ರ ವರೆಗೆ ನೀರಿನಲ್ಲಾದ 4,032 ಹೆರಿಗೆಗಳನ್ನು ಪರಿಶೀಲಿಸಿದಾಗ ಶಿಶುಗಳ ಮರಣವು ಇತರ ಸುಲಭ ಹೆರಿಗೆಗಳಿಗಿಂತ ಹೆಚ್ಚಾಗಿರಲಿಲ್ಲ. 2024ರಲ್ಲಿ ಪ್ರಕಟವಾದ, 60 ಸಾವಿರಕ್ಕೂ ಹೆಚ್ಚು ಸ್ತ್ರೀಯರ ಇನ್ನೊಂದು ಪರಿಶೀಲನೆಯೂ ಇದೇ ರೀತಿಯ ಫಲವನ್ನು ಕೊಟ್ಟಿತು. ಆದರೆ ಇವೆಲ್ಲವೂ ಶಿಕ್ಷಣ ಪಡೆದ ಸೂಲಗಿತ್ತಿಯರ ಕಣ್ಣೆದುರಿನಲ್ಲಿ, ಆರೋಗ್ಯವಂತ ಸ್ತ್ರೀಯರಿಗಾದ ಹೆರಿಗೆಗಳು ಎಂಬುದನ್ನು ಮರೆಯಬಾರದು.

ಪಾಲಿಸತಕ್ಕ ನಿಯಮಗಳು

ತಿಂಗಳು ತುಂಬಿ, ಒಂದೇ ಶಿಶುವು ತಲೆ ಕೆಳಗಾಗಿ ಇದ್ದು, ತಾಯಿಯು ಆರೋಗ್ಯವಾಗಿರುವಲ್ಲಿ ಮಾತ್ರ ಈ ಉಪಾಯವು ತಕ್ಕದ್ದು. ರಕ್ತದೊತ್ತಡ ಏರಿದವರು, ರಕ್ತಸ್ರಾವವೋ ಜ್ವರವೋ ಇರುವವರು, ಅವಳಿ ಮಕ್ಕಳ ಬಸುರಿಯರು, ಅಪಸ್ಮಾರವುಳ್ಳವರು ಇದಕ್ಕೆ ಕೈಹಾಕಬಾರದು. ಹಿಂದೆ ಶಸ್ತ್ರಕ್ರಿಯೆಯಿಂದ ಹೆತ್ತವರು ವೈದ್ಯರ ಮಾತಿನಂತೆಯೇ ನಡೆಯಬೇಕು. ನಿದ್ದೆ ಬರಿಸುವ ನೋವಿನ ಚುಚ್ಚುಮದ್ದನ್ನು ತೆಗೆದುಕೊಂಡ ಮೇಲೆ ಎರಡು ಗಂಟೆಗಳು ಕಳೆಯುವ ತನಕ ನೀರಿಗೆ ಇಳಿಯಬಾರದು.

ನೀರಿಗೆ ಇಳಿಯುವುದರಲ್ಲಿ ಆತುರ ಸಲ್ಲದು. ಬೇನೆಯು ಚೆನ್ನಾಗಿ ಬಲಿತು, ಗರ್ಭಾಶಯದ ಬಾಯಿಯು ಸುಮಾರು 5 ಸೆಂಟಿಮೀಟರಿನಷ್ಟು ತೆರೆದ ಮೇಲೆ ಇಳಿಯುವುದು ಒಳ್ಳೆಯದು. ಅದಕ್ಕೆ ಮೊದಲೇ ಇಳಿದರೆ ಬೇನೆಯು ಮಂದವಾಗುವುದುಂಟು. ನೀರು ಬೆಚ್ಚಗಿರಬೇಕೇ ಹೊರತು ಸುಡುವಂತಿರಬಾರದು. ನಮ್ಮಲ್ಲಿ ಬಿಸಿಯು ಹೆಚ್ಚಿದಷ್ಟೂ ಹಿತವೆಂದು ಎಣಿಸುವವರು ಬಹಳ. ಬೇನೆಯ ಹೊತ್ತಿನಲ್ಲಿ ಇದು ಅಪಾಯಕರವಾದ ತಪ್ಪು. ತಾಯಿಯ ಮೈ ಕಾದರೆ ಹೊಟ್ಟೆಯಲ್ಲಿರುವ ಮಗುವಿನ ಮೈಯೂ ಕಾಯುತ್ತದೆ, ಅದರ ಎದೆಬಡಿತವು ಹೆಚ್ಚುತ್ತದೆ. ತಾಯಿಗೂ ತಲೆಸುತ್ತು ಬರಬಹುದು. ನೀರಿನ ಉಷ್ಣತೆಯು 37.5 ಡಿಗ್ರಿ ಸೆಲ್ಸಿಯಸನ್ನು ಮೀರಬಾರದೆಂದು ಬ್ರಿಟನ್ನಿನ ನಿಯಮವು ಹೇಳುತ್ತದೆ. ಇದು ನಮ್ಮ ಮೈಯ ಸಹಜ ಬಿಸಿಗಿಂತ ಅರ್ಧ ಡಿಗ್ರಿಯಷ್ಟು ಮಾತ್ರ ಹೆಚ್ಚು. ತಾಯಿಯ ಮತ್ತು ನೀರಿನ ಉಷ್ಣತೆಯನ್ನು ಗಂಟೆಗೊಮ್ಮೆ ಅಳೆಯಬೇಕು. ಕುಡಿಯಲು ನೀರನ್ನು ಆಗಾಗ ಕೊಡುತ್ತಿರಬೇಕು. ಮಗುವಿನ ಎದೆಬಡಿತವನ್ನು ಮೊದಲ ಹಂತದಲ್ಲಿ ಕಾಲು ಗಂಟೆಗೊಮ್ಮೆಯಾದರೂ ಕೇಳಬೇಕು. ತೊಟ್ಟಿಯೂ ನೀರೂ ಚೊಕ್ಕಟವಾಗಿರಬೇಕು. ಬೆಚ್ಚನೆಯ ನೀರನ್ನು ದಿನಗಟ್ಟಲೆ ತುಂಬಿಡುವ ಕೊಳಗಳಲ್ಲಿ ಲೀಜಿಯೋನೆಲ್ಲ ಎಂಬ ರೋಗಾಣುಗಳು ಬೆಳೆಯಬಲ್ಲವಾದುದರಿಂದ, ಮುಂಚಿತವಾಗಿ ನೀರು ತುಂಬಿ ಕಾಯಿಸಿಡುವ ಮನೆಯ ಕೊಳಗಳನ್ನು ಬಳಸಬಾರದೆಂದು ಇಂಗ್ಲೆಂಡಿನ ಆರೋಗ್ಯಾಧಿಕಾರಿಗಳು 2014ರಲ್ಲಿ ಎಚ್ಚರಿಸಿದರು.

ಹೆರಿಗೆಯು ನೀರಿನಲ್ಲಿಯೇ ಆದರೆ ಶಿಶುವನ್ನು ತಡಮಾಡದೆ ಮೇಲಕ್ಕೆತ್ತಿ ತಾಯಿಯ ಎದೆಯ ಮೇಲೆ ಇರಿಸಬೇಕು. ಎತ್ತುವ ಆತುರದಲ್ಲಿ ಹೊಕ್ಕುಳಬಳ್ಳಿಯನ್ನು ಜಗ್ಗಿದರೆ ಅದು ಹರಿದು ಮಗುವಿಗೆ ರಕ್ತನಷ್ಟವಾಗುವುದುಂಟು. ಒಮ್ಮೆ ಗಾಳಿ ಸೋಕಿದ ಮುಖವನ್ನು ಪುನಃ ನೀರಿಗೆ ಇಳಿಸಬಾರದು. ಇವು ಕೈಗಳು ಪಳಗಿದವರ ಕೆಲಸ. ನೋಡಿ ಕಲಿತುಕೊಳ್ಳುವೆವೆಂದರೆ ಆಗದು. 2018ರ ಜುಲೈ ತಿಂಗಳಲ್ಲಿ ತಮಿಳುನಾಡಿನ ತಿರುಪ್ಪೂರಿನಲ್ಲಿ ಯೂಟ್ಯೂಬಿನ ಚಿತ್ರಗಳನ್ನು ನಂಬಿ ಮನೆಯಲ್ಲಿಯೇ ಹೆರಿಗೆ ಮಾಡಿಸಹೋದಾಗ, ರಕ್ತಸ್ರಾವದಿಂದ ಒಬ್ಬ ತಾಯಿಯು ತೀರಿಕೊಂಡರು. ಆ ಸಂಗತಿಯು ನೀರಿನಿಂದ ಆದುದಲ್ಲ. ಆದರೂ ಅದರ ಪಾಠವು ಇಲ್ಲಿಗೂ ಸಲ್ಲುತ್ತದೆ: ನೀರು ಬೇನೆಯನ್ನು ಹಗುರಗೊಳಿಸುತ್ತದೆ, ಅಪಾಯವನ್ನು ಹಗುರಗೊಳಿಸುವುದಿಲ್ಲ.

ತೊಟ್ಟಿಯಿಲ್ಲದವರಿಗೆ

ಇಂಥ ಕೊಳಗಳು ನಮ್ಮ ದೇಶದಲ್ಲಿ ದೊಡ್ಡ ನಗರಗಳ ಕೆಲವು ಆಸ್ಪತ್ರೆಗಳಲ್ಲಿ ಮಾತ್ರ ಇವೆ; ಅವುಗಳ ವೆಚ್ಚವೂ ಎಲ್ಲರಿಗೂ ಎಟಕುವಂಥದ್ದಲ್ಲ. ಹಾಗೆಂದು ಉಳಿದವರು ನಿರಾಶರಾಗಬೇಕಾಗಿಲ್ಲ. ಬೇನೆಯ ಹೊತ್ತಿನಲ್ಲಿ ಸ್ನಾನದ ಕೋಣೆಯಲ್ಲಿ ಕುರ್ಚಿಯ ಮೇಲೆ ಕುಳಿತು ಸೊಂಟದ ಮೇಲೆ ಬೆಚ್ಚನೆಯ ನೀರು ಸುರಿಯುವಂತೆ ಮಾಡಿಕೊಂಡರೂ ಹಿತವಾಗುತ್ತದೆ; ಜೊತೆಯಲ್ಲಿ ಒಬ್ಬರು ನಿಂತಿರಬೇಕು, ನೆಲವು ಜಾರುವಂತಿರಬಾರದು. ಅದೂ ಇಲ್ಲದಲ್ಲಿ, ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಬೆನ್ನಿಗೆ ಒತ್ತಬಹುದು. ವಿಶ್ವ ಆರೋಗ್ಯ ಸಂಸ್ಥೆಯು 2018ರಲ್ಲಿ ಹೊರಡಿಸಿದ ಸಲಹೆಗಳಲ್ಲಿ ಮೈ ತಿಕ್ಕುವುದನ್ನೂ ಬೆಚ್ಚನೆಯ ಒತ್ತಡವನ್ನೂ ನೋವಿನ ಉಪಶಮನಕ್ಕೆ ಒಪ್ಪಿದೆ. ನಮ್ಮ ಸೂಲಗಿತ್ತಿಯರ ಕೈಗೆ ತಿಳಿದಿದ್ದ ಮಾತು ಇದೇ ಅಲ್ಲವೇ?

ನೀರಿನ ಇನ್ನೊಂದು ಉಪಯೋಗವನ್ನೂ ಹೇಳಿಬಿಡುವೆವು. ಬೇನೆಯಲ್ಲಿ ಕೆಲವರಿಗೆ ಬೆನ್ನಿನ ಕೆಳಭಾಗದಲ್ಲಿ ಬಿಡುವಿಲ್ಲದ ನೋವು ಬರುತ್ತದೆ. ಆಗ ತ್ರಿಕಾಸ್ಥಿಯ ಮೇಲಿನ ಚರ್ಮದಲ್ಲಿ ನಾಲ್ಕು ಕಡೆ ಶುದ್ಧೀಕರಿಸಿದ ನೀರನ್ನು ಕೆಲವೇ ಹನಿಗಳಷ್ಟು ಚುಚ್ಚುತ್ತಾರೆ. ಅರ್ಧ ನಿಮಿಷ ಜೇನು ಕಡಿದಂತೆ ಉರಿಯಾಗುತ್ತದೆ. ಅನಂತರ ಒಂದೆರಡು ಗಂಟೆಗಳ ಕಾಲ ಬೆನ್ನುನೋವು ತಗ್ಗುತ್ತದೆ. ಆಸ್ಟ್ರೇಲಿಯ ಮತ್ತು ಬ್ರಿಟನ್ ದೇಶಗಳ 1,866 ಸ್ತ್ರೀಯರಲ್ಲಿ ನಡೆಸಿ 2020ರಲ್ಲಿ ಪ್ರಕಟಿಸಿದ ಪರೀಕ್ಷೆಯು ಇದರ ಗುಣವನ್ನು ದೃಢಪಡಿಸಿತು. ಇದನ್ನು ಶಿಕ್ಷಣವುಳ್ಳ ದಾದಿಯೇ ಮಾಡತಕ್ಕದ್ದು.

ಕಡೆಯ ಮಾತು

ತಂದೆತಾಯಿಗಳೇ, ಹೆರಿಗೆಗೆಂದು ಮಗಳು ತವರಿಗೆ ಬಂದಾಗ ಬಟ್ಟೆಬರೆಗಳನ್ನೂ ತೊಟ್ಟಿಲನ್ನೂ ಸಿದ್ಧಪಡಿಸುವಂತೆಯೇ ಆಸ್ಪತ್ರೆಗೆ ಒಮ್ಮೆ ಹೋಗಿ ನಾಲ್ಕು ಮಾತು ಕೇಳಿ ಬನ್ನಿರಿ. ಬೇನೆಯ ಹೊತ್ತಿನಲ್ಲಿ ಬಿಸಿನೀರಿನ ಸ್ನಾನಕ್ಕೆ ಅವಕಾಶವುಂಟೇ? ತಾಯಿಯೋ ಅಕ್ಕನೋ ಗಂಡನೋ ಅವಳ ಬಳಿಯಲ್ಲಿ ಇರಬಹುದೇ? ನೋವನ್ನು ತಗ್ಗಿಸಲು ಬೇರೆ ಯಾವ ಉಪಾಯಗಳಿವೆ? ಅವಸರದ ಸಮಯದಲ್ಲಿ ಶಸ್ತ್ರಕ್ರಿಯೆಗೂ ರಕ್ತಕ್ಕೂ ಏರ್ಪಾಡು ಏನು? ಇವನ್ನು ಕೇಳುವುದು ಅಧಿಕಪ್ರಸಂಗವಲ್ಲ. ಮಗಳ ಬಾಯಲ್ಲಿ ನೋವಿನ ಕೂಗು ಬಂದಾಗ ಸುಮ್ಮನಿರೆಂದು ಗದರಿಸದೆ, ಬೆನ್ನ ಮೇಲೆ ಕೈಯಿಡಿರಿ.

ದಾದಿಯರಾಗಿ ಸೇವೆ ಮಾಡುತ್ತಿರುವ ಸಹೋದರಿಯರೇ, ದಾದಿಯರಿಗೆ ಪ್ರಸೂತಿ ವಿದ್ಯೆಯಲ್ಲಿ ವಿಶೇಷ ಶಿಕ್ಷಣವನ್ನು ಕೊಡುವ ಯೋಜನೆಯನ್ನು ಭಾರತ ಸರ್ಕಾರವು 2018ರಲ್ಲಿ ಪ್ರಕಟಿಸಿದೆ. ಆ ಶಿಕ್ಷಣಕ್ಕೆ ನಿಮ್ಮಲ್ಲಿ ಕೆಲವರಾದರೂ ಮುಂದಾಗಬೇಕೆಂದು ಹಾರೈಸುತ್ತೇವೆ. ಒಂದು ತಂಬಿಗೆ ಬೆಚ್ಚನೆಯ ನೀರು, ಅದನ್ನು ಹದವರಿತು ಹೊಯ್ಯುವ ಕೈ, ಅಪಾಯವನ್ನು ಮುಂಚಿತವಾಗಿ ಕಾಣುವ ಕಣ್ಣು, ಈ ಮೂರೂ ಒಂದೇ ಕೋಣೆಯಲ್ಲಿ ಕೂಡಿದಲ್ಲಿ ಎಷ್ಟೋ ತಾಯಂದಿರ ಬೇನೆಯು ಹಗುರವಾಗುವುದು.