ಕೋಪಿಷ್ಠ ಜೇಡದ ಸಂಸಾರ

ಕಳೆದ ಜೂನ್ ತಿಂಗಳಲ್ಲಿ ಮೊದಲ ಮಳೆ ಬಿದ್ದ ಮರುದಿನ ಎಂಟನೆಯ ಇಯತ್ತೆಯ ವಿದ್ಯಾರ್ಥಿಯೊಬ್ಬನು ಗಾಜಿನ ಭರಣಿಯೊಂದನ್ನು ತರಗತಿಗೆ ತಂದನು. ಅವನ ಮನೆಯು ಗೋರೆಗಾಂವಿನ ಆರೆ ವಸಾಹತಿನ ಅಂಚಿನಲ್ಲಿದೆ. ಹಿಂದಿನ ರಾತ್ರಿ ಎಮ್ಮೆಗಳ ತಬೇಲೆಯ ಗೋಡೆಯ ಬುಡದಲ್ಲಿ ನಡೆದುಹೋಗುತ್ತಿದ್ದ ದೊಡ್ಡ ಜೇಡವೊಂದನ್ನು ಅವನು ಹಿಡಿದಿದ್ದನು. ಮೈತುಂಬ ರೋಮ, ನೀಳವಾದ ಕಾಲುಗಳು, ಮಾಸಿದ ಕಂದುಬಣ್ಣ. ಒಬ್ಬನು ಮುಚ್ಚಳದ ಮೇಲೆ ಬೆರಳಿನಿಂದ ತಟ್ಟಿದನು. ಕೂಡಲೇ ಅದು ಮುಂಗಾಲುಗಳನ್ನೆತ್ತಿ, ಮೈಯನ್ನು ಹಿಂದಕ್ಕೆ ಬಾಗಿಸಿ, ಕರಿಯ ಕೋರೆಗಳನ್ನು ತೆರೆದು ನಿಂತಿತು.

"ಸರ್, ಇದಕ್ಕೆ ಬಹಳ ಸಿಟ್ಟು!" ಎಂದು ಮುಂದಿನ ಸಾಲಿನವರು ಹಿಂದೆ ಸರಿದರು. ತಂದವನು ಮಾತ್ರ, "ಸರ್, ಇದಕ್ಕೊಂದು ಜೋಡಿಯನ್ನು ಹುಡುಕಿ ತಂದರೆ ಮರಿಗಳಾಗಬಹುದಲ್ಲವೇ? ಶಾಲೆಯಲ್ಲಿಯೇ ಸಾಕೋಣ" ಎಂದನು.

ಪ್ರಶ್ನೆಯು ಒಳ್ಳೆಯದು. ಅಂದು ಒಂದು ತಾಸಿನಲ್ಲಿ ಉತ್ತರವು ಮುಗಿಯಲಿಲ್ಲ. ಆದುದರಿಂದ ಉಳಿದುದನ್ನೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ.

ಇಂತಹ ರೋಮಭರಿತ ದೊಡ್ಡ ಜೇಡಗಳಿಗೆ ಇಂಗ್ಲಿಷಿನಲ್ಲಿ ಟರಾಂಟುಲಾ ಎಂದು ಹೆಸರು. ಇಟಲಿಯ ಟಾರಾಂಟೊ ಎಂಬ ಊರಿನಿಂದ ಈ ಹೆಸರು ಬಂದಿತು. ಮೊದಲು ಅದು ಅಲ್ಲಿಯ ಬೇರೊಂದು ಬಗೆಯ ಜೇಡಕ್ಕೆ ಸಲ್ಲುತ್ತಿತ್ತು. ಬಳಿಕ ಈ ದೊಡ್ಡ ಜೇಡಗಳಿಗೆ ಅಂಟಿಕೊಂಡಿತು. ಜಗತ್ತಿನಲ್ಲಿ ಇವುಗಳ ಸಾವಿರಕ್ಕೂ ಮಿಕ್ಕ ಜಾತಿಗಳುಂಟು. ನಮ್ಮ ಸಹ್ಯಾದ್ರಿಯ ಇಳಿಜಾರುಗಳಲ್ಲಿಯೂ ಹಲವು ಜಾತಿಗಳು ಬಿಲ ತೋಡಿಕೊಂಡು ವಾಸಿಸುತ್ತವೆ.

ಇವುಗಳಿಗೆ ಸಿಟ್ಟು ಏಕೆ? ಮೊದಲು ಕೋರೆಗಳನ್ನು ನೋಡಿರಿ. ಮನೆಯ ಮೂಲೆಯಲ್ಲಿ ಬಲೆ ಕಟ್ಟುವ ಜೇಡದ ಕೋರೆಗಳು ಇಕ್ಕಳದ ಎರಡು ತುದಿಗಳಂತೆ ಒಂದಕ್ಕೊಂದು ಎದುರಾಗಿ ಕೂಡುತ್ತವೆ. ಟರಾಂಟುಲಾದ ಕೋರೆಗಳು ಹಾಗಲ್ಲ. ಅವು ಗುದ್ದಲಿಯ ಏಟಿನಂತೆ ಮೇಲಿನಿಂದ ಕೆಳಕ್ಕೆ ಬೀಳುತ್ತವೆ. ಗುದ್ದಲಿ ಹೊಡೆಯುವವನು ಮೊದಲು ಅದನ್ನು ಮೇಲಕ್ಕೆ ಎತ್ತಲೇಬೇಕಷ್ಟೆ? ಹಾಗೆಯೇ ಈ ಜೇಡವು ಕಚ್ಚಲು ಸಿದ್ಧವಾಗಬೇಕಾದರೆ ಮೈಯನ್ನು ಮೇಲೆತ್ತಲೇಬೇಕು. ನಾವು ಸಿಟ್ಟೆಂದು ಕರೆಯುವ ಭಂಗಿಯು ಅದರ ಸಿದ್ಧತೆ. "ದೂರ ಸರಿ" ಎಂಬ ಎಚ್ಚರಿಕೆಯೂ ಹೌದು.

ಎರಡನೆಯ ಕಾರಣವೊಂದುಂಟು. ಅಮೆರಿಕಾ ಖಂಡದ ಅನೇಕ ಟರಾಂಟುಲಾಗಳ ಹೊಟ್ಟೆಯ ಮೇಲೆ ತುರಿಕೆಯನ್ನುಂಟುಮಾಡುವ ಸಣ್ಣ ಕೂದಲುಗಳಿರುತ್ತವೆ. ವೈರಿಯು ಬಂದರೆ ಹಿಂಗಾಲಿನಿಂದ ಅವನ್ನು ಉಜ್ಜಿ ಗಾಳಿಗೆ ತೂರುತ್ತವೆ. ಏಷ್ಯಾ ಮತ್ತು ಆಫ್ರಿಕಾ ಖಂಡಗಳ ಜಾತಿಗಳಿಗೆ ಆ ಆಯುಧವಿಲ್ಲ. ಓಟ, ಬೆದರಿಕೆ, ಕಡಿತ, ಈ ಮೂರೇ ಅವುಗಳ ಬಲ. ಕೆಲವು ಜಾತಿಗಳು ಬಾಯಿಯ ಬಳಿಯ ಬಿರುಗೂದಲುಗಳನ್ನು ಉಜ್ಜಿ ಬುಸುಗುಟ್ಟುವ ಸದ್ದನ್ನೂ ಮಾಡುತ್ತವೆ. ಎಂಟು ಕಣ್ಣುಗಳಿದ್ದರೂ ಇವುಗಳ ದೃಷ್ಟಿ ಮಂದ. ನೆಲದ ನಡುಕದಿಂದಲೇ ಲೋಕವನ್ನು ತಿಳಿಯುತ್ತವೆ. ಭರಣಿಯ ಮುಚ್ಚಳವನ್ನು ನೀವು ತಟ್ಟಿದಾಗ ಅದಕ್ಕೆ ಭೂಕಂಪವಾದಂತೆಯೇ ಸರಿ. ಸಿಟ್ಟೆಂದು ನಾವು ಹೇಳುವುದು ಬಹುಮಟ್ಟಿಗೆ ಭಯವೇ.

ಈ ಗುಣವನ್ನೇ ಹೆಸರಿನಲ್ಲಿ ಹೊತ್ತ ಜೇಡವೊಂದು ಕರ್ನಾಟಕದಲ್ಲಿದೆ. ಆರ್. ಐ. ಪೋಕಾಕ್ ಎಂಬ ಆಂಗ್ಲ ಪ್ರಾಣಿಶಾಸ್ತ್ರಜ್ಞರು 1899ರಲ್ಲಿ ಉತ್ತರ ಕನ್ನಡದ ಜೇಡವೊಂದನ್ನು ವರ್ಣಿಸಿ ಥ್ರಿಗ್ಮೋಪಿಯಸ್ ಟ್ರುಕ್ಯುಲೆಂಟಸ್ ಎಂದು ಹೆಸರಿಟ್ಟರು. ಲ್ಯಾಟಿನ್ ಭಾಷೆಯಲ್ಲಿ ಟ್ರುಕ್ಯುಲೆಂಟಸ್ ಎಂದರೆ ಉಗ್ರ, ಜಗಳಗಂಟ ಎಂದರ್ಥ. ಆ ಕಾಲದಲ್ಲಿ ಉತ್ತರ ಕನ್ನಡ ಜಿಲ್ಲೆಯು ಮುಂಬಯಿ ಪ್ರಾಂತಕ್ಕೆ ಸೇರಿತ್ತು. 1883ರಲ್ಲಿ ಇದೇ ನಗರದಲ್ಲಿ ಸ್ಥಾಪಿತವಾದ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯು ಇಂತಹ ಜೀವಿಗಳ ಅಧ್ಯಯನಕ್ಕೆ ದೊಡ್ಡ ಆಸರೆಯಾಯಿತು. ನಮ್ಮ ಊರುಗಳಿಂದ ಮನುಷ್ಯರು ಮಾತ್ರವೇ ಮುಂಬಯಿಗೆ ಬಂದವರಲ್ಲ ಎಂದು ತಿಳಿದರೆ ನಿಮಗೆ ನಗು ಬರಬಹುದು.

ಗೋರೆಗಾಂವಿಗೂ ಇಂತಹ ಕೀರ್ತಿಯುಂಟು. 2014ರಲ್ಲಿ ಝೀಶಾನ್ ಮಿರ್ಜಾ ಮತ್ತು ರಾಜೇಶ್ ಸಾನಪ್ ಎಂಬ ಸಂಶೋಧಕರು ಟರಾಂಟುಲಾದ ಹೊಸ ಜಾತಿಯೊಂದಕ್ಕೆ ಹೆಟರೋಫ್ರಿಕ್ಟಸ್ ಆರೆಯೆನ್ಸಿಸ್ ಎಂದು ಹೆಸರಿಟ್ಟರು. ಆರೆಯೆನ್ಸಿಸ್ ಎಂದರೆ "ಆರೆಯದು". ನಾವು ಹಾಲಿನ ಹೆಸರಿನಿಂದ ಬಲ್ಲ ಆರೆಯು ಶಾಸ್ತ್ರಗ್ರಂಥಗಳಲ್ಲಿ ಜೇಡವೊಂದರ ತೌರುಮನೆಯಾಗಿದೆ.

ಇನ್ನು ಮರಿ ಮಾಡಿಸುವ ಮಾತು. ಪರದೇಶಗಳಲ್ಲಿ ಈ ಜೇಡಗಳನ್ನು ಪೆಟ್ಟಿಗೆಗಳಲ್ಲಿ ಸಾಕಿ ಸಂತಾನ ಪಡೆಯುವವರು ಅನೇಕರಿದ್ದಾರೆ. ಅವರು ಅನುಭವದಿಂದ ಕಂಡುಕೊಂಡ ಕ್ರಮವು ಹೀಗಿದೆ.

ಮೊದಲನೆಯದು ಮನೆ. ಬಿಲವಾಸಿ ಜೇಡಕ್ಕೆ ಬರಿಯ ಭರಣಿ ಸಾಲದು. ಬಿಲ ತೋಡುವಷ್ಟು ಆಳವಾದ, ತುಸು ತೇವವುಳ್ಳ ಮಣ್ಣು ಬೇಕು. ಹೆಣ್ಣು ಬಿಲವನ್ನು ತೋಡಿ, ಒಳಗೆಲ್ಲ ನೂಲಿನ ಅಸ್ತರಿ ಹಾಕಿ, ಅಲ್ಲಿಯೇ ನೆಲೆಸಬೇಕು. ಮನೆಯಿಲ್ಲದ ಹೆಣ್ಣು ಸದಾ ಭಯದಲ್ಲಿರುತ್ತದೆ; ಆಹಾರವನ್ನೂ ಸರಿಯಾಗಿ ಮುಟ್ಟುವುದಿಲ್ಲ.

ಎರಡನೆಯದು ಕಾಲ. ಜೇಡವು ಬೆಳೆಯುವುದು ಪೊರೆ ಕಳಚುತ್ತ. ಗಂಡು ಕೊನೆಯ ಪೊರೆಯನ್ನು ಕಳಚಿದ ಮೇಲೆ ಪ್ರೌಢವಾಗುತ್ತದೆ. ಆಗ ಅದರ ಬಾಯಿಯ ಪಕ್ಕದ ಎರಡು ಸ್ಪರ್ಶಾಂಗಗಳ ತುದಿಯಲ್ಲಿ ಸಣ್ಣ ಬುಡ್ಡಿಯಂತಹ ಅವಯವಗಳು ಕಾಣಿಸಿಕೊಳ್ಳುತ್ತವೆ. ಅದು ಪುಟ್ಟ ಬಲೆಯೊಂದನ್ನು ನೇಯ್ದು, ಅದರ ಮೇಲೆ ಬೀಜಾಣುಗಳ ಹನಿಯನ್ನು ಬಿಟ್ಟು, ಬಳಿಕ ಆ ಬುಡ್ಡಿಗಳಲ್ಲಿ ತುಂಬಿಕೊಳ್ಳುತ್ತದೆ. ಅಂದಿನಿಂದ ಅದು ಬಿಲವನ್ನು ತೊರೆದು ಹೆಣ್ಣನ್ನು ಅರಸುತ್ತ ಅಲೆಯುತ್ತದೆ. ಬಹುಪಾಲು ಗಂಡುಗಳಿಗೆ ಆ ಬಳಿಕ ಕೆಲವು ತಿಂಗಳುಗಳ ಆಯುಷ್ಯವಷ್ಟೇ ಉಳಿದಿರುತ್ತದೆ. ಹೆಣ್ಣಾದರೋ ಅನೇಕ ಜಾತಿಗಳಲ್ಲಿ ಹತ್ತು ವರ್ಷಕ್ಕೂ ಮಿಕ್ಕು ಬಾಳುತ್ತದೆ. ಪ್ರೌಢವಾದ ಮೇಲೂ ಪೊರೆ ಕಳಚುತ್ತಿರುತ್ತದೆ.

ಇಲ್ಲಿಯೇ ಒಂದು ತೊಡಕುಂಟು. ಹೆಣ್ಣು ಗಂಡಿನಿಂದ ಪಡೆದ ಬೀಜಾಣುಗಳನ್ನು ಮೈಯೊಳಗಿನ ಸಣ್ಣ ಚೀಲದಲ್ಲಿ ಕೂಡಿಟ್ಟುಕೊಳ್ಳುತ್ತದೆ. ತತ್ತಿ ಇಡುವ ಮೊದಲೇ ಪೊರೆ ಕಳಚಿದರೆ ಆ ಚೀಲದ ಒಳಪದರವೂ ಪೊರೆಯೊಡನೆ ಹೊರಗೆ ಬಿದ್ದುಹೋಗುತ್ತದೆ. ಕೂಡಿಟ್ಟುದೆಲ್ಲ ವ್ಯರ್ಥ! ಆದುದರಿಂದ ತಿಳಿದ ಸಾಕಣೆಗಾರರು ಹೆಣ್ಣು ಪೊರೆ ಕಳಚಿ, ಮೈ ಗಟ್ಟಿಯಾಗಿ, ಹೊಟ್ಟೆ ತುಂಬಿ ತಿಂದ ಮೇಲೆಯೇ ಗಂಡನ್ನು ಬಿಡುತ್ತಾರೆ.

ಮೂರನೆಯದು ಭೇಟಿ. ಗಂಡು ಬಿಲದ ಬಾಯಿಗೆ ಬಂದು ಕಾಲುಗಳಿಂದ ನೆಲವನ್ನು ತಟ್ಟುತ್ತದೆ. ಹೊತ್ತಿಲ್ಲದ ಹೊತ್ತಿನಲ್ಲಿ ಬಂದ ಅತಿಥಿಯು ಬಾಗಿಲು ಬಡಿದು ಹೆಸರು ಹೇಳುವಂತೆ ಇದು. ಹೆಣ್ಣಿಗೆ ಒಪ್ಪಿಗೆಯಿದ್ದರೆ ಒಳಗಿನಿಂದ ಅದೂ ತಟ್ಟಿ ಉತ್ತರ ಕೊಡುತ್ತದೆ. ಒಪ್ಪಿಗೆಯಿಲ್ಲದಿದ್ದರೆ ಅತಿಥಿಯೇ ಊಟವಾಗುವ ಸಂಭವವುಂಟು. ಆದುದರಿಂದ ಸಾಕಣೆಗಾರರು ಗಂಡಿಗೆ ಓಡಿಹೋಗಲು ದಾರಿಯಿರುವಂತೆ ನೋಡಿಕೊಳ್ಳುತ್ತಾರೆ.

ನಾಲ್ಕನೆಯದು, ಎಲ್ಲಕ್ಕಿಂತ ಕಠಿಣವಾದುದು, ಸುಮ್ಮನಿರುವುದು. ಕೆಲವು ವಾರಗಳೋ ತಿಂಗಳುಗಳೋ ಕಳೆದ ಮೇಲೆ ಹೆಣ್ಣು ನೂಲಿನ ಚಾಪೆ ನೇಯ್ದು, ಅದರ ಮೇಲೆ ತತ್ತಿಗಳನ್ನಿಟ್ಟು, ಅಂಚುಗಳನ್ನು ಮಡಿಚಿ ಗಂಟಿನಂತಹ ಚೀಲವನ್ನು ಮಾಡುತ್ತದೆ. ತತ್ತಿಗಳು ಜಾತಿಗನುಸಾರವಾಗಿ ಕೆಲವು ಹತ್ತುಗಳಿಂದ ಹಲವು ನೂರುಗಳವರೆಗೆ ಇರಬಹುದು. ತಾಯಿ ಅದನ್ನು ಕಾಲುಗಳ ನಡುವೆ ಅಪ್ಪಿಕೊಂಡು, ಆಗಾಗ ತಿರುಗಿಸುತ್ತ ಕಾಯುತ್ತದೆ. ಈ ಕಾಲದಲ್ಲಿ ಬೆಳಕು, ಸದ್ದು, ಅಲುಗಾಟಗಳಿಂದ ಅದು ಬೆದರಿದರೆ ತನ್ನ ತತ್ತಿಗಳನ್ನು ತಾನೇ ತಿಂದುಬಿಡುತ್ತದೆ.

ಇದನ್ನು ನಾನು ಪುಸ್ತಕದಿಂದ ಕಲಿತವನಲ್ಲ. ನಾನು ಅಂಕೋಲೆಯ ಕಡೆಯ ಹಳ್ಳಿಯವನು. ನಮ್ಮ ಗದ್ದೆಗೆ ಇಳಿಯುವ ಹಾದಿಯ ಪಕ್ಕದ ಧರೆಯಲ್ಲಿ ಹೆಬ್ಬೆರಳು ಹೋಗುವಷ್ಟು ಅಗಲದ ಬಿಲಗಳಿದ್ದವು. ಹನ್ನೊಂದು ವರ್ಷದವನಿದ್ದಾಗ ಅವುಗಳಲ್ಲೊಂದನ್ನು ಗುದ್ದಲಿಯಿಂದ ಅಗೆದು, ತತ್ತಿಯ ಚೀಲವನ್ನು ಅಪ್ಪಿಕೊಂಡಿದ್ದ ಜೇಡವನ್ನು ತಗಡಿನ ಡಬ್ಬಿಯಲ್ಲಿ ಹಾಕಿಕೊಂಡು ಬಂದೆನು. ಮರಿಗಳನ್ನು ಗೆಳೆಯರಿಗೆ ತೋರಿಸಬೇಕೆಂಬ ಹಂಬಲ. ದಿನಕ್ಕೆ ಹತ್ತು ಸಲ ಮುಚ್ಚಳ ತೆರೆದು ನೋಡಿದೆನು. ಮೂರನೆಯ ದಿನ ಬೆಳಗ್ಗೆ ಚೀಲವಿರಲಿಲ್ಲ. ನೂಲಿನ ಚಿಂದಿ ಮಾತ್ರ ಬಿದ್ದಿತ್ತು. ತಾಯಿ ಮೂಲೆಯಲ್ಲಿ ಕಾಲುಗಳನ್ನು ಮುದುಡಿ ಕುಳಿತಿತ್ತು. ನಾನು ಅಳುತ್ತ, "ಎಂಥ ಕೆಟ್ಟ ತಾಯಿ!" ಎಂದೆನು. ಅಜ್ಜಿಯು ಡಬ್ಬಿಯೊಳಗೆ ಇಣಿಕಿ, "ತಮ್ಮಾ, ಅದರ ಮನೆ ಕೆಡವಿದವರು ಯಾರು?" ಎಂದಳು. ಸಂಜೆ ಅದನ್ನು ಧರೆಗೆ ಮರಳಿ ಒಯ್ದೆನು. ಆದರೆ ಅಗೆದ ಬಿಲವು ಮತ್ತೆ ಬಿಲವಾಗಲಿಲ್ಲ.

ಚೀಲವು ಉಳಿದರೆ ಕೆಲವು ವಾರಗಳಲ್ಲಿ ತತ್ತಿಗಳು ಒಡೆಯುತ್ತವೆ. ಮೊದಲು ಹೊರಬರುವುದು ಬಿಳಿಯ ತತ್ತಿಗೇ ಕಾಲು ಮೂಡಿದಂತಹ ರೂಪ. ಅದು ತಿನ್ನುವುದಿಲ್ಲ, ಮೈಯೊಳಗಿನ ಹಳದಿಯಿಂದಲೇ ಬದುಕುತ್ತದೆ. ಮತ್ತೆ ಪೊರೆ ಕಳಚಿದ ಮೇಲೆ ಮರಿಜೇಡದ ಆಕಾರ ಬರುತ್ತದೆ. ಆಮೇಲೆ ಸಾಕಣೆಗಾರರು ಪ್ರತಿಯೊಂದು ಮರಿಯನ್ನೂ ಬೇರೆಬೇರೆ ಕುಪ್ಪಿಗಳಲ್ಲಿ ಇಡಬೇಕು. ಇಲ್ಲದಿದ್ದರೆ ಹಲವು ಜಾತಿಗಳಲ್ಲಿ ಮರಿಗಳು ಒಂದನ್ನೊಂದು ತಿನ್ನುತ್ತವೆ. ಇನ್ನೂರು ಮರಿಗಳೆಂದರೆ ಇನ್ನೂರು ಕುಪ್ಪಿ, ಇನ್ನೂರು ತುತ್ತು.

ಇಷ್ಟು ಶ್ರಮಪಟ್ಟು ಸಂತಾನ ಬೆಳೆಸಿದರೆ ಜಾತಿಯು ಉಳಿದಂತಾಯಿತೇ? ಇದಕ್ಕೆ ಉತ್ತರವನ್ನು ಗುತ್ತಿಯ ನೀಲಿ ಜೇಡವು ಕೊಡುತ್ತದೆ. ಮುಂಬಯಿಯಿಂದ ಚೆನ್ನೈಗೆ ಹೋಗುವ ರೈಲು ಹಾದಿಯಲ್ಲಿ, ಬಳ್ಳಾರಿಗೆ ನೆರೆಯಾದ ಅನಂತಪುರ ಜಿಲ್ಲೆಯಲ್ಲಿ ಗುತ್ತಿ ಎಂಬ ಊರಿದೆ. ಅಲ್ಲಿಯ ರೈಲ್ವೆಯ ಕಟ್ಟಿಗೆಯ ಅಂಗಳದಲ್ಲಿ ದೊರೆತ ಒಂದೇ ಒಂದು ಜೇಡವನ್ನು ಅದೇ ಪೋಕಾಕ್ ಅವರು 1899ರಲ್ಲಿ ವರ್ಣಿಸಿ ಪೀಸಿಲೋಥೀರಿಯಾ ಮೆಟಾಲಿಕಾ ಎಂದು ಕರೆದರು. ಲೋಹದಂತೆ ಹೊಳೆಯುವ ನೀಲಿ ಬಣ್ಣದ ಈ ಜೇಡವು ಕಟ್ಟಿಗೆಯೊಡನೆ ದೂರದ ಕಾಡಿನಿಂದ ಬಂದಿದ್ದಿರಬೇಕು. ಏಕೆಂದರೆ ನೂರು ವರ್ಷಗಳ ಬಳಿಕ, 2001ರಲ್ಲಿ, ಅದು ಮತ್ತೆ ಕಂಡುಬಂದುದು ನಂದ್ಯಾಲ ಮತ್ತು ಗಿದ್ದಲೂರುಗಳ ನಡುವಣ ಅರಣ್ಯದಲ್ಲಿ. ಹಳೆಯ ಮರಗಳ ಪೊಟರೆಗಳೇ ಅದರ ಮನೆ.

ಈಗ ಯುರೋಪು, ಅಮೆರಿಕಾಗಳ ಪೆಟ್ಟಿಗೆಗಳಲ್ಲಿ ಹುಟ್ಟಿದ ನೀಲಿ ಜೇಡಗಳಿಗೆ ಕೊರತೆಯಿಲ್ಲ. ಆದರೂ 2008ರಲ್ಲಿ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟವು ಅದನ್ನು ವಿನಾಶದ ತೀರ ಅಂಚಿನಲ್ಲಿರುವ ಜೀವಿಯೆಂದು ಪಟ್ಟಿಮಾಡಿತು. 2019ರಲ್ಲಿ ಜಿನೀವಾದಲ್ಲಿ ಸೇರಿದ ರಾಷ್ಟ್ರಗಳು ಈ ಕುಲದ ಜೇಡಗಳ ವ್ಯಾಪಾರಕ್ಕೆ ನಿಯಂತ್ರಣ ಹಾಕಿದವು. ಪೆಟ್ಟಿಗೆಯಲ್ಲಿ ಹುಟ್ಟಿದ ಮರಿಯನ್ನು ಬಿಡಲು ಕಾಡಿನಲ್ಲಿ ಹಳೆಯ ಮರ ಬೇಕಲ್ಲವೇ? ಸಾಕಣೆಯು ಜೇಡಗಳ ಎಣಿಕೆಯನ್ನು ಹೆಚ್ಚಿಸಬಲ್ಲದು. ಮರದ ಪೊಟರೆಯನ್ನು, ಧರೆಯ ಬಿಲವನ್ನು, ಮೊದಲ ಮಳೆಯ ರಾತ್ರಿಯನ್ನು ಅದು ಹುಟ್ಟಿಸಲಾರದು.

ಆರೆಯ ಮಟ್ಟಿಗೂ ಈ ಮಾತು ಸಲ್ಲುತ್ತದೆ. 2019ರ ಅಕ್ಟೋಬರಿನಲ್ಲಿ ಮೆಟ್ರೊ ರೈಲಿನ ಡಿಪೋವಿಗಾಗಿ ಅಲ್ಲಿ ಎರಡು ಸಾವಿರದಷ್ಟು ಮರಗಳು ಉರುಳಿದವು. ಮುಂದೆ 2021ರಲ್ಲಿ 800 ಎಕರೆಗೂ ಮಿಕ್ಕ ಭೂಮಿಯು ಮೀಸಲು ಅರಣ್ಯವೆಂದು ಗೊತ್ತುಪಡಿಸಲ್ಪಟ್ಟಿತು. ನಮಗೆ ರೈಲೂ ಬೇಕು. ಆರೆಯ ಜೇಡಕ್ಕಾದರೋ ಆರೆಯ ಮಣ್ಣು ಬೇಕು.

ಅಂದು ತರಗತಿಯಲ್ಲಿ ನಾವು ಭರಣಿಯನ್ನು ಮೆಲ್ಲನೆ ಎತ್ತಿ, ಗಾಜಿನ ಹೊರಗಿನಿಂದಲೇ ಜೇಡವನ್ನು ಪರೀಕ್ಷಿಸಿದೆವು. ಸ್ಪರ್ಶಾಂಗಗಳ ತುದಿಯಲ್ಲಿ ಎರಡು ಬುಡ್ಡಿಗಳು ಸ್ಪಷ್ಟವಾಗಿ ಕಾಣುತ್ತಿದ್ದವು. ಅದು ಗಂಡು, ಮಳೆಯ ವಾಸನೆಗೆ ಹೊರಟು, ಕೊನೆಯ ಕೆಲವು ತಿಂಗಳುಗಳಲ್ಲಿ ತನ್ನ ಕೆಲಸವನ್ನು ಮುಗಿಸಬೇಕಾಗಿದ್ದ ಗಂಡು. ಅದನ್ನು ತಂದ ಹುಡುಗನು ಬಹಳ ಹೊತ್ತು ಮಾತನಾಡಲಿಲ್ಲ. ಬಳಿಕ, "ಸರ್, ಇದರ ಒಂದು ರಾತ್ರಿಯನ್ನು ನಾನು ಕಳೆದೆನಲ್ಲವೇ?" ಎಂದನು.

ಆ ಸಂಜೆ ನಾವಿಬ್ಬರೂ ತಬೇಲೆಯ ಹಿಂದಿನ ಇಳಿಜಾರಿಗೆ ಹೋದೆವು. ಅವನು ಭರಣಿಯನ್ನು ನೆಲದ ಮೇಲೆ ಅಡ್ಡವಾಗಿಟ್ಟು ಮುಚ್ಚಳ ತೆಗೆದು ದೂರ ನಿಂತನು. ಜೇಡವು ಮುಂಗಾಲನ್ನೆತ್ತಲಿಲ್ಲ, ಸಿಟ್ಟನ್ನೂ ತೋರಿಸಲಿಲ್ಲ. ಮೆಲ್ಲನೆ ಹೊರಬಂದು, ಹುಲ್ಲಿನ ಬುಡವನ್ನು ಮುಟ್ಟಿ ನೋಡುತ್ತ, ಕತ್ತಲೆಯ ಕಡೆಗೆ ನಡೆದುಹೋಯಿತು.

ಬಿಲವನ್ನು ಕಂಡರೆ ಕಡ್ಡಿ ತೂರಬೇಡಿರಿ. ಜೇಡವನ್ನು ಕೈಯಿಂದ ಮುಟ್ಟಬೇಡಿರಿ. ಕೆಲವು ಜಾತಿಗಳ ಕಡಿತದಿಂದ ತೀವ್ರವಾದ ನೋವೂ ಸ್ನಾಯುಗಳ ಸೆಳೆತವೂ ಉಂಟಾಗುತ್ತವೆ. ದೂರದಿಂದ ನೋಡಿರಿ, ದಿನಾಂಕವನ್ನು ಬರೆದಿಡಿರಿ, ಚಿತ್ರ ಬಿಡಿಸಿರಿ. ಶಾಲೆಯಲ್ಲಿ ಅದಕ್ಕೊಂದು ವಹಿಯನ್ನು ತೆರೆದಿದ್ದೇವೆ. ಅದರ ಮೊದಲ ಪುಟವನ್ನು ಬರೆದವನು ಭರಣಿಯನ್ನು ತಂದ ಹುಡುಗನೇ.

ಅಭ್ಯಾಸ

1. ಟರಾಂಟುಲಾ ಕಚ್ಚುವ ಮೊದಲು ಮೈಯನ್ನು ಮೇಲೆತ್ತುವುದೇಕೆ?
2. ತತ್ತಿ ಇಡುವ ಮೊದಲೇ ಹೆಣ್ಣು ಪೊರೆ ಕಳಚಿದರೆ ಆಗುವ ನಷ್ಟವೇನು?
3. ಗುತ್ತಿಯ ನೀಲಿ ಜೇಡವು ಪೆಟ್ಟಿಗೆಗಳಲ್ಲಿ ಹೆಚ್ಚಿದರೂ ಅಪಾಯದಲ್ಲಿರುವುದೇಕೆ?
4. ನಿಮ್ಮ ಮನೆಯ ಸುತ್ತಮುತ್ತ ಮೊದಲ ಮಳೆಯ ಬಳಿಕ ಕಾಣಿಸಿಕೊಳ್ಳುವ ಐದು ಜೀವಿಗಳನ್ನು ದಿನಾಂಕದೊಡನೆ ಬರೆಯಿರಿ.