ಸರ್ಕಾರಿ ನಿರ್ಮಾಣಗಳಲ್ಲಿ ಸ್ವದೇಶಿ ಸಾಮಗ್ರಿ

ಸಾರ್ವಜನಿಕ ಹಣದಿಂದ ಕಟ್ಟುವ ಅಣೆಕಟ್ಟು, ಸೇತುವೆ, ರೈಲುಮಾರ್ಗ ಮುಂತಾದವುಗಳಿಗೆ ಬೇಕಾಗುವ ಉಕ್ಕು, ಸಿಮೆಂಟು, ಯಂತ್ರೋಪಕರಣಗಳು ಸಾಧ್ಯವಾದ ಮಟ್ಟಿಗೆ ಸ್ವದೇಶದಲ್ಲಿಯೇ ತಯಾರಾದವುಗಳಾಗಿರಬೇಕೆಂಬ ವಾದವು ಕೇಳಲು ಸರಳವಾದುದು. ತೆರಿಗೆ ಕೊಡುವವನು ಈ ದೇಶದವನು. ಆ ಹಣವು ಈ ದೇಶದ ಕಾರ್ಮಿಕನ ಕೈಯನ್ನೇ ಸೇರಲಿ ಎಂಬುದು ಅದರ ತಿರುಳು. ಮುಕ್ತ ವ್ಯಾಪಾರದ ಹಿರಿಮೆಯನ್ನು ಲೋಕಕ್ಕೆಲ್ಲ ಸಾರಿದ ಅಮೆರಿಕವೇ 1933ರಲ್ಲಿ, ಆರ್ಥಿಕ ಮುಗ್ಗಟ್ಟಿನ ನಡುವೆ, ಸರ್ಕಾರದ ಖರೀದಿಗೆ ಅಮೆರಿಕದ ಸರಕೇ ಆಗಬೇಕೆಂಬ ಕಾಯಿದೆಯನ್ನು ಮಾಡಿಕೊಂಡಿತೆಂಬುದು ಇಲ್ಲಿ ಸ್ಮರಣೀಯ. ಆದರೆ ವಾದವು ಸರಳವಾದಷ್ಟು ಆಚರಣೆ ಸರಳವಲ್ಲ. ಅದರ ಲಾಭವನ್ನೂ ಕಷ್ಟವನ್ನೂ ಅರಿಯಲು ದೂರ ಹೋಗಬೇಕಾದುದಿಲ್ಲ. ಪೀಣ್ಯ, ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಗಳಿಗೆ ಹೋಗುವ ಬೆಂಗಳೂರಿನ ಮೆಟ್ರೋ ರೈಲೇ ಇದಕ್ಕೆ ಪಾಠಶಾಲೆಯಂತಿದೆ.

ಮೊದಲು ಕನ್ನಡನಾಡಿನ ಹಿಂದಿನ ಅನುಭವವನ್ನು ಕೊಂಚ ಅವಲೋಕಿಸಬೇಕು. 1911ರಲ್ಲಿ ಕೃಷ್ಣರಾಜಸಾಗರದ ಕೆಲಸ ಆರಂಭವಾದಾಗ ಸಿಮೆಂಟು ಹೊರದೇಶದಿಂದ ಬರಬೇಕಾದ ದುಬಾರಿ ವಸ್ತುವಾಗಿತ್ತು. ಆದುದರಿಂದ ಅಷ್ಟು ದೊಡ್ಡ ಕಟ್ಟೆಯನ್ನು ಸುರ್ಕಿ ಗಾರೆಯಿಂದಲೇ ಕಟ್ಟಲಾಯಿತು. ಸುಟ್ಟ ಜೇಡಿಮಣ್ಣಿನ ಅಥವಾ ಇಟ್ಟಿಗೆಯ ಪುಡಿಯೇ ಸುರ್ಕಿ. ಅದು ಸುಣ್ಣದೊಡನೆ ಬೆರೆತಾಗ ನೀರಿನಲ್ಲಿಯೂ ಗಟ್ಟಿಯಾಗುವ ಗುಣವನ್ನು ಪಡೆಯುತ್ತದೆ. ಇಲ್ಲಿ ಸ್ವದೇಶಿ ಸಾಮಗ್ರಿಯನ್ನು ಬಳಸೆಂದು ಒತ್ತಾಯಿಸಿದ ಕಾಯಿದೆ ಯಾವುದೂ ಇರಲಿಲ್ಲ. ಸುಣ್ಣವಿತ್ತು, ಮಣ್ಣಿತ್ತು, ಅವನ್ನು ಹದವರಿತು ಬೆರೆಸಬಲ್ಲ ಕೆಲಸಗಾರರಿದ್ದರು. 1923ರಲ್ಲಿ ಭದ್ರಾವತಿಯಲ್ಲಿ ಕಬ್ಬಿಣದ ಕುಲುಮೆ ಹೊತ್ತಿಕೊಂಡಾಗ, ಸುತ್ತಲಿನ ಕಾಡಿನ ಸೌದೆಯ ಇದ್ದಿಲಿನಿಂದಲೇ ಅದಿರನ್ನು ಕರಗಿಸುವ ವ್ಯವಸ್ಥೆಯಾಯಿತು. ಸಂಸ್ಥಾನದ ಕಾಲದ ಈ ಎರಡು ಪ್ರಯತ್ನಗಳಲ್ಲಿಯೂ ಸಾಮರ್ಥ್ಯವು ಮೊದಲು, ನಿಯಮವು ಆಮೇಲೆ ಎಂಬ ಕ್ರಮ ಕಾಣುತ್ತದೆ.

ಈಗಿನ ಕ್ರಮ ಬೇರೆ. 2017ರ ಮೇ ತಿಂಗಳಿನಲ್ಲಿ ಕೇಂದ್ರ ಸರ್ಕಾರವು ತನ್ನ ಕಾಮಗಾರಿಗಳಲ್ಲಿ ದೇಶೀಯ ಉಕ್ಕಿಗೆ ಆದ್ಯತೆ ನೀಡುವ ನೀತಿಯನ್ನು ಹೊರಡಿಸಿತು. ಅದೇ ವರ್ಷದ ಜೂನ್ 15ರಂದು ಎಲ್ಲ ಬಗೆಯ ಸಾರ್ವಜನಿಕ ಖರೀದಿಗೂ ಅನ್ವಯಿಸುವ ಆಜ್ಞೆ ಬಂದಿತು. 2020ರ ಸೆಪ್ಟೆಂಬರ್ 16ರಂದು ಅದು ಪರಿಷ್ಕೃತವಾಯಿತು. ಈ ಆಜ್ಞೆಯ ಕೀಲು ಇರುವುದು ‘ಸ್ಥಳೀಯ ಅಂಶ’ ಎಂಬ ಮಾತಿನಲ್ಲಿ. ಒಂದು ಯಂತ್ರದ ಬೆಲೆ 100 ರೂಪಾಯಿಯೆಂದಿಟ್ಟುಕೊಳ್ಳೋಣ. ಅದರೊಳಗಿನ 45 ರೂಪಾಯಿಯ ಭಾಗಗಳು ವಿದೇಶದಿಂದ ಬಂದಿದ್ದರೆ ಸ್ಥಳೀಯ ಅಂಶ ಶೇಕಡಾ 55. ಪರಿಷ್ಕೃತ ಆಜ್ಞೆಯಂತೆ ಸಾಮಾನ್ಯವಾಗಿ ಶೇಕಡಾ 50 ಅಥವಾ ಅದಕ್ಕಿಂತ ಹೆಚ್ಚು ಸ್ಥಳೀಯ ಅಂಶವುಳ್ಳವನು ಮೊದಲನೆಯ ವರ್ಗದ ಸರಬರಾಜುದಾರ. 20ರಿಂದ 50ರೊಳಗೆ ಇರುವವನು ಎರಡನೆಯ ವರ್ಗದವನು.

ಆದ್ಯತೆಯೆಂದರೆ ಸ್ವದೇಶಿ ವಸ್ತುವಿಗೆ ಹೆಚ್ಚು ಬೆಲೆ ಕೊಡುವುದೆಂದು ಅನೇಕರು ತಿಳಿದಿರುವುದುಂಟು. ಅದು ಸರಿಯಲ್ಲ. ಟೆಂಡರಿನಲ್ಲಿ ಅತಿ ಕಡಿಮೆ ದರ 100 ಎಂದು ಬಂದು, ಆ ದರ ಕೂಗಿದವನು ಮೊದಲ ವರ್ಗದವನಲ್ಲದಿದ್ದರೆ, 120ರೊಳಗೆ ದರ ಹೇಳಿದ ಮೊದಲ ವರ್ಗದವನನ್ನು ಕರೆದು, ‘ನೀನು 100ಕ್ಕೆ ಕೊಡಬಲ್ಲೆಯಾ?’ ಎಂದು ಕೇಳಲಾಗುತ್ತದೆ. ಒಪ್ಪಿದರೆ, ಆದ್ಯತೆಯ ಪಾಲು ಅವನದು. ಒಪ್ಪದಿದ್ದರೆ ಮುಂದಿನವನಿಗೆ ಕರೆ. ಹೀಗಾಗಿ ಬೊಕ್ಕಸಕ್ಕೆ ದರದಲ್ಲಿ ನಷ್ಟವಿಲ್ಲ. ನಷ್ಟವೇನಾದರೂ ಇದ್ದರೆ ಅದು ಕಾಲದ ನಷ್ಟ. ಲೆಕ್ಕದ ಪುಸ್ತಕದಲ್ಲಿ ಕಾಲಕ್ಕೆ ಪ್ರತ್ಯೇಕ ಕಲಮು ಇಲ್ಲವಾದುದರಿಂದ ಅದು ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ.

ಮೆಟ್ರೋದ ವಿಷಯಕ್ಕೆ ಬರುವುದಾದರೆ, ಅದರ ಮೊದಲ ಹಂತದ ಬೋಗಿಗಳ ಚರಿತ್ರೆ ಸಮಾಧಾನಕರವಾದುದು. ಈ ಆಜ್ಞೆಗಳು ಹುಟ್ಟುವುದಕ್ಕೆ ಮೊದಲೇ, 2009ರಲ್ಲಿ, 150 ಬೋಗಿಗಳ ಗುತ್ತಿಗೆ ಬಿಇಎಂಎಲ್ ಸೇರಿದ್ದ ಕೂಟಕ್ಕೆ ದೊರೆಯಿತು. ಕೊರಿಯಾದ ಹ್ಯುಂಡೈ ರೋಟೆಮ್ ಮತ್ತು ಜಪಾನಿನ ಮಿತ್ಸುಬಿಷಿ ಅದರಲ್ಲಿ ಪಾಲುದಾರರು. ಬಿಇಎಂಎಲ್ ಸ್ಥಾಪನೆಯಾದುದು 1964ರಲ್ಲಿ. ಅದಕ್ಕೂ ಹಿಂದೆ ರೈಲು ಬೋಗಿ ಕಟ್ಟುವ ಕೆಲಸ ಎಚ್‌ಎಎಲ್‌ನ ಒಂದು ವಿಭಾಗದಲ್ಲಿ ನಡೆದಿತ್ತು, ಆ ವಿಭಾಗವೇ ಹೊಸ ಸಂಸ್ಥೆಗೆ ಬಂದು ಸೇರಿತು. ಅಂದರೆ ಮೆಟ್ರೋ ಬರುವ ಹೊತ್ತಿಗೆ ಬೆಂಗಳೂರಿನ ಕಾರ್ಮಿಕ ಅರ್ಧ ಶತಮಾನಕ್ಕೂ ಮೀರಿ ಬೋಗಿಗಳನ್ನು ಬೆಸೆದಿದ್ದವನು. ವಿದೇಶಿ ಪಾಲುದಾರನಿಂದ ಕಲಿಯಬೇಕಾದುದು ಬಹಳವಿತ್ತು, ಆದರೆ ಕಲಿಯಬಲ್ಲ ಕೈ ಸಿದ್ಧವಾಗಿತ್ತು. 2011ರ ಅಕ್ಟೋಬರ್ 20ರಂದು ಬೈಯಪ್ಪನಹಳ್ಳಿಯಿಂದ ಮಹಾತ್ಮ ಗಾಂಧಿ ರಸ್ತೆಯವರೆಗೂ, 2014ರ ಮಾರ್ಚ್ 1ರಂದು ಪೀಣ್ಯದವರೆಗೂ ಓಡಿದವು ಈ ರೈಲುಗಳೇ. ಪ್ರಯಾಣಿಕರು ಹೆಚ್ಚಿ, ಮೂರು ಬೋಗಿಗಳ ರೈಲನ್ನು ಆರಕ್ಕೆ ಏರಿಸಬೇಕಾಗಿ ಬಂದಾಗಲೂ ಇನ್ನೂ 150 ಬೋಗಿಗಳನ್ನು ಅದೇ ಕಾರ್ಖಾನೆಯಿಂದ ಕೊಳ್ಳಲಾಯಿತು.

ಎಲೆಕ್ಟ್ರಾನಿಕ್ ಸಿಟಿಯ ಮೂಲಕ ಬೊಮ್ಮಸಂದ್ರಕ್ಕೆ ಹೋಗುವ ಹಳದಿ ಮಾರ್ಗದ ಕಥೆ ಬೇರೆಯಾಯಿತು. 2019ರ ಕೊನೆಗೆ ಚೀನಾದ ಸಿಆರ್‌ಆರ್‌ಸಿ ಸಂಸ್ಥೆ 216 ಬೋಗಿಗಳ ಗುತ್ತಿಗೆಯನ್ನು ಪಡೆಯಿತು. ಮೊತ್ತ ಸುಮಾರು 1,578 ಕೋಟಿ ರೂಪಾಯಿ. ಬಹುಪಾಲು ಬೋಗಿಗಳನ್ನು ಭಾರತದಲ್ಲಿಯೇ ತಯಾರಿಸಬೇಕೆಂಬುದು ಕರಾರು. ಇಲ್ಲಿ ಕಾರ್ಖಾನೆಯಿರಲಿಲ್ಲ, ಕಾರ್ಖಾನೆಯನ್ನು ಕಟ್ಟಿ ಆಮೇಲೆ ರೈಲನ್ನು ಕಟ್ಟಬೇಕಾಗಿತ್ತು. ಅಷ್ಟರಲ್ಲಿ ಮಹಾಮಾರಿ ಬಂದಿತು. 2020ರ ಏಪ್ರಿಲ್ 17ರಂದು, ನೆಲದ ಗಡಿ ಹಂಚಿಕೊಂಡ ದೇಶಗಳಿಂದ ಬರುವ ಬಂಡವಾಳಕ್ಕೆ ಸರ್ಕಾರದ ಪೂರ್ವಾನುಮತಿ ಬೇಕೆಂಬ ನಿಯಮವಾಯಿತು. ಜೂನ್ ತಿಂಗಳಿನಲ್ಲಿ ಗಾಲ್ವಾನ್ ಕಣಿವೆಯಲ್ಲಿ ಘರ್ಷಣೆಯಾಗಿ ಎರಡು ದೇಶಗಳ ಸಂಬಂಧವೇ ಕೆಟ್ಟಿತು. ಇಲ್ಲಿ ಕಾರ್ಖಾನೆ ಸ್ಥಾಪಿಸೆಂದು ಒಂದು ಕರಾರು ಹೇಳುತ್ತಿರಲು, ಸ್ಥಾಪಿಸುವ ಹಣಕ್ಕೆ ಇನ್ನೊಂದು ನಿಯಮ ಬಾಗಿಲಲ್ಲಿ ತಡೆಯೊಡ್ಡಿತು. ಎರಡಕ್ಕೂ ತಮ್ಮತಮ್ಮ ಕಾರಣಗಳಿದ್ದವು, ಎರಡೂ ಅನ್ಯಾಯವಲ್ಲ. ಆದರೆ ಒಂದರೊಡನೊಂದು ಸೇರಿದಾಗ ರೈಲು ನಿಂತಿತು.

ಕಡೆಗೆ ಚೀನಾದ ಸಂಸ್ಥೆ ಪಶ್ಚಿಮ ಬಂಗಾಳದ ಟೀಟಾಗಢ ಸಂಸ್ಥೆಯೊಡನೆ ಒಪ್ಪಂದ ಮಾಡಿಕೊಂಡಿತು. ಒಟ್ಟು 36 ರೈಲುಗಳಲ್ಲಿ 2 ಚೀನಾದಿಂದ, ಉಳಿದ 34 ಉತ್ತರಪಾಡಾದ ಕಾರ್ಖಾನೆಯಿಂದ ಬರಬೇಕೆಂದಾಯಿತು. ಮೊದಲ ರೈಲು ಚೀನಾದಿಂದ ಹಡಗಿನಲ್ಲಿ ಚೆನ್ನೈಗೆ ಬಂದು, 2024ರ ಫೆಬ್ರವರಿಯಲ್ಲಿ ಹೆಬ್ಬಗೋಡಿಯ ಡಿಪೋ ಸೇರಿತು. ಬಂಗಾಳದಲ್ಲಿ ತಯಾರಾದ ಮೊದಲ ರೈಲು ಬಂದುದು 2025ರಲ್ಲಿ. ಆ ಹೊತ್ತಿಗೆ ಹೊಸೂರು ರಸ್ತೆಯ ಮೇಲೆ ಕಂಬಗಳು, ಹಳಿಗಳು, ನಿಲ್ದಾಣಗಳು ಸಿದ್ಧವಾಗಿ, ಓಡುವ ರೈಲಿಲ್ಲದೆ ಕಾದಿದ್ದವು. ಅವುಗಳ ಕೆಳಗೆ ಬೊಮ್ಮಸಂದ್ರದ ಪಾಳಿಗೆ ಹೋಗುವ ಕಾರ್ಮಿಕನೂ ಕಂಪ್ಯೂಟರ್ ಕಚೇರಿಯ ನೌಕರನೂ ಸಿಲ್ಕ್ ಬೋರ್ಡ್ ವೃತ್ತದಲ್ಲಿ ಬಸ್ಸಿನೊಳಗೆ ಕುಳಿತಿದ್ದರು. 19.15 ಕಿಲೋಮೀಟರಿನ, 16 ನಿಲ್ದಾಣಗಳ ಈ ಮಾರ್ಗ 2025ರ ಆಗಸ್ಟ್ 10ರಂದು ಉದ್ಘಾಟನೆಯಾಯಿತು. ಮೊದಲಿಗೆ ಇದ್ದುದು ಮೂರೇ ರೈಲು. 25 ನಿಮಿಷಕ್ಕೊಮ್ಮೆ ಒಂದು.

ಇದನ್ನು ಕಂಡು ಸ್ವದೇಶಿ ನಿಯಮವೇ ತಪ್ಪೆಂದು ತೀರ್ಮಾನಿಸುವುದು ಆತುರವಾದೀತು. ಅದೇ ನಿಯಮದ ನೆರಳಿನಲ್ಲಿ ಒಳ್ಳೆಯದೂ ಆಗಿದೆ. ಮೆಟ್ರೋಗೆ ಬೇಕಾದ, ತಲೆಭಾಗವನ್ನು ವಿಶೇಷವಾಗಿ ಗಡುಸುಗೊಳಿಸಿದ ಹಳಿಗಳು ಬಹುಕಾಲ ಹೊರದೇಶದಿಂದಲೇ ಬರುತ್ತಿದ್ದವು. ಈಗ ಛತ್ತೀಸಗಡದ ರಾಯಗಢದಲ್ಲಿ ಅವು ತಯಾರಾಗುತ್ತಿವೆ. ಕಟ್ಟಡದ ಸರಳುಗಳಿಗಂತೂ ಬಳ್ಳಾರಿ ಸೀಮೆಯ ಅದಿರು, ತೋರಣಗಲ್ಲಿನ ಉಕ್ಕು ಹತ್ತಿರದಲ್ಲಿಯೇ ಇವೆ. ಸಿಮೆಂಟಿಗೆ ಕಲಬುರಗಿಯ ಸುಣ್ಣಕಲ್ಲಿನ ನಾಡಿದೆ. ಕಂಬ, ತೊಲೆಗಳ ವಿಷಯದಲ್ಲಿ ಸ್ವದೇಶಿ ನಿಯಮ ಒಂದು ದಿನವನ್ನೂ ಕೆಡಿಸುವುದಿಲ್ಲ, ಏಕೆಂದರೆ ಅಲ್ಲಿ ನಿಯಮವಿಲ್ಲದಿದ್ದರೂ ಕೊಳ್ಳುವುದು ಸ್ವದೇಶಿಯನ್ನೇ. ಪ್ರಶ್ನೆ ಏಳುವುದು ಬೋಗಿ, ಸಂಕೇತ ವ್ಯವಸ್ಥೆ, ಮೋಟಾರುಗಳಂಥ ಸೂಕ್ಷ್ಮ ವಸ್ತುಗಳಲ್ಲಿ. ಆದುದರಿಂದ ತಯಾರಕರು ಆಗಲೇ ಇರುವಲ್ಲಿ ಕಡ್ಡಾಯ ಮಾಡುವುದೂ, ಇಲ್ಲದಿರುವಲ್ಲಿ ಕಾಲಾವಕಾಶ ಕೊಟ್ಟು ಮೆಟ್ಟಿಲುಮೆಟ್ಟಿಲಾಗಿ ಏರಿಸುವುದೂ ಯುಕ್ತ. ಕಾರ್ಖಾನೆಯ ಅಸ್ತಿಭಾರ ಹಾಕುವ ಮೊದಲೇ ರೈಲಿನ ದಿನಾಂಕವನ್ನು ಗೊತ್ತುಮಾಡುವುದು ಯುಕ್ತವಲ್ಲ.

ನಿಯಮಕ್ಕೆ ಮತ್ತೊಂದು ಮಿತಿಯೂ ಇದೆ. ಅದು ದೇಶವನ್ನು ನೋಡುತ್ತದೆಯೇ ಹೊರತು ಊರನ್ನು ನೋಡುವುದಿಲ್ಲ. ದೇಶೀಯ ಉಕ್ಕಿಗೆ ಆದ್ಯತೆ ಜಾರಿಯಲ್ಲಿದ್ದಾಗಲೇ, 2023ರ ಜನವರಿಯಲ್ಲಿ, ಭದ್ರಾವತಿಯ ಉಕ್ಕಿನ ಕಾರ್ಖಾನೆಯನ್ನು ಮುಚ್ಚುವ ತೀರ್ಮಾನ ಹೊರಬಿದ್ದಿತು; ಕಾರ್ಮಿಕರ ಹೋರಾಟದ ನಂತರ ಅದೇ ವರ್ಷ ಕೆಲಸ ಭಾಗಶಃ ಮರಳಿ ಆರಂಭವಾಯಿತು. ಪೀಣ್ಯದ ಸಣ್ಣ ಕೈಗಾರಿಕೆಗಳ ಸ್ಥಿತಿಯೂ ಯೋಚಿಸತಕ್ಕದ್ದು. ಅಲ್ಲಿ ಲೇತಿನ ಮುಂದೆ ನಿಂತವನು ಮೆಟ್ರೋದ ಟೆಂಡರಿಗೆ ನೇರವಾಗಿ ಬರಲಾರ. ದೊಡ್ಡ ಗುತ್ತಿಗೆದಾರನು ಬಾಗಿಲು, ಹಿಡಿಕೆ, ಬ್ರೇಕಿನ ಭಾಗಗಳನ್ನು ಯಾರಿಂದ ಮಾಡಿಸುತ್ತಾನೆಂಬುದರ ಮೇಲೆ ಅವನ ಪಾಲು ನಿಂತಿದೆ. ಸ್ಥಳೀಯ ಅಂಶದ ಪ್ರಮಾಣಪತ್ರವು ಶೇಕಡಾವಾರು ಲೆಕ್ಕವನ್ನು ಕೊಡುತ್ತದೆ. 10 ಕೋಟಿ ರೂಪಾಯಿಗೆ ಮೀರಿದ ಖರೀದಿಯಲ್ಲಿ ಲೆಕ್ಕಪರಿಶೋಧಕರ ದೃಢೀಕರಣವೂ ಬೇಕು. ಆದರೆ ಆ ಶೇಕಡಾ 55ರಲ್ಲಿ ಕೇವಲ ಜೋಡಣೆಯ ಕೂಲಿಯೆಷ್ಟು, ನಿಜವಾಗಿ ಕಲಿತ ವಿದ್ಯೆಯೆಷ್ಟು ಎಂಬುದು ಆ ಒಂದು ಅಂಕಿಯಿಂದ ತಿಳಿಯುವಂಥದಲ್ಲ.

2023ರ ಆಗಸ್ಟ್‌ನಲ್ಲಿ, ಹಳದಿ ಮಾರ್ಗ ಇನ್ನೂ ರೈಲಿಗಾಗಿ ಕಾಯುತ್ತಿದ್ದಾಗಲೇ, ಮೆಟ್ರೋದ ಮುಂದಿನ ಮಾರ್ಗಗಳಿಗೆ ಬೇಕಾದ 318 ಬೋಗಿಗಳ ಗುತ್ತಿಗೆಯನ್ನು ಬಿಇಎಂಎಲ್‌ಗೆ ಕೊಡಲಾಯಿತು. ಮೊತ್ತ 3,177 ಕೋಟಿ ರೂಪಾಯಿ. ಅದರ ಬೋಗಿ ಕಾರ್ಖಾನೆಯಿರುವುದು ತಿಪ್ಪಸಂದ್ರದಲ್ಲಿ, 2011ರಲ್ಲಿ ಮೊದಲ ರೈಲು ಹೊರಟ ಬೈಯಪ್ಪನಹಳ್ಳಿಯ ನೆರೆಯಲ್ಲಿಯೇ.