ಹೊತ್ತಿಗೆ ಸರಿಯಾಗಿ ಹೋಗು

ಮಗಳೇ, ಮೊನ್ನೆ ಫೋನಿನಲ್ಲಿ ನೀನು, "ಅತ್ತಿ, ಸೋಮವಾರ ಯಾವುದು, ಗುರುವಾರ ಯಾವುದು ತಿಳೀವಲ್ದು, ಎಲ್ಲಾ ಒಂದೇ ಥರ ಆಗ್ಯಾವ" ಅಂದೆ. ಆ ಮಾತು ಎರಡು ದಿನ ನನ್ನನ್ನು ಬಿಡಲಿಲ್ಲ. ನಾನೂ ನಿನ್ನ ವಯಸ್ಸಿನಲ್ಲೇ ಬೀದರಿನಿಂದ ಈ ಹೈದರಾಬಾದಿನ ಕಾಚಿಗುಡಕ್ಕೆ ಬಂದವಳು. ನಲವತ್ತೈದು ವರ್ಷ ಈ ಊರಿನ ಅನ್ನ ಉಂಡ ಮೇಲೆ ಒಂದು ಮಾತು ಖಾತ್ರಿಯಾಗಿದೆ: ಖುಷಿ ಕೊಡುವ ಸಣ್ಣ ಸಂಗತಿಗಳಿಗೆಲ್ಲ ಅವುಗಳದೇ ಹೊತ್ತು ಇರುತ್ತದೆ, ಆ ಹೊತ್ತಿಗೆ ನಾವು ಅಲ್ಲಿರಬೇಕು. ಬೇಕೆಂದಾಗ ಬೇಕಾದ್ದನ್ನು ಮೊಬೈಲಿನಲ್ಲಿ ತರಿಸಿಕೊಂಡರೆ ಹೊಟ್ಟೆಯೇನೋ ತುಂಬುತ್ತದೆ, ದಿನಕ್ಕೆ ಗುರುತು ಉಳಿಯುವುದಿಲ್ಲ. ಅದಕ್ಕೇ ಇಷ್ಟು ಬರೆದಿದ್ದೇನೆ. ಮಾದಾಪುರದ ರೂಮಿನ ಫ್ರಿಜ್ಜಿಗೆ ಅಂಟಿಸಿಕೋ.

• ವಾರಕ್ಕೊಮ್ಮೆಯಾದರೂ ಬೆಳಗ್ಗೆ ಏಳರೊಳಗೆ ಇರಾನಿ ಹೋಟೆಲಿಗೆ ಹೋಗು. ಪ್ರತಿ ಸಲವೂ ಅದೇ ಹೋಟೆಲಿಗೆ ಹೋಗು. ಆ ಹೊತ್ತಿಗೆ ಡಿಕಾಕ್ಷನ್ ಒಂದು ಕಡೆ, ಹಾಲು ಇನ್ನೊಂದು ಕಡೆ ಬೇರೆ ಬೇರೆಯಾಗಿ ಕುದಿದು ಹದಕ್ಕೆ ಬಂದಿರುತ್ತವೆ. ಮೊದಲು ಕಪ್ಪಿಗೆ ಕೆಂಪು ಡಿಕಾಕ್ಷನ್ ಬೀಳುತ್ತದೆ, ಮೇಲೆ ಗಟ್ಟಿ ಹಾಲು ಬೀಳುತ್ತದೆ, ಎರಡೂ ಕೂಡಿ ಇಟ್ಟಿಗೆ ಬಣ್ಣಕ್ಕೆ ತಿರುಗುತ್ತವೆ. ಅದನ್ನು ನೋಡು. ಉಸ್ಮಾನಿಯಾ ಬಿಸ್ಕೀಟನ್ನು ಅದ್ದಿ ತಕ್ಷಣ ತೆಗೆ. ತಡಮಾಡಿದರೆ ಮುರಿದು ಕಪ್ಪಿನ ತಳ ಸೇರುತ್ತದೆ. ಬಿಸಿ ಹೆಚ್ಚಿದ್ದರೆ ಬಸಿಗೆ ಸುರಿದುಕೊಂಡು ಕುಡಿ, ಯಾರೂ ನಿನ್ನನ್ನು ನೋಡುವುದಿಲ್ಲ.

ಒಂದೇ ಹೋಟೆಲಿಗೆ ಅಂದೆನಲ್ಲ, ಅದಕ್ಕೆ ಕಾರಣವಿದೆ. ನಿಮ್ಮ ಮಾಮ ಮತ್ತು ನಾನು ಇಪ್ಪತ್ತು ವರ್ಷ ಭಾನುವಾರ ಬೆಳಗ್ಗೆ ಒಂದೇ ಮೇಜಿಗೆ ಕೂತು ಒನ್ ಬೈ ಟೂ ಕುಡಿದವರು. ಅವರು ಹೋದ ಮೇಲೆ ನಾಲ್ಕು ತಿಂಗಳು ನಾನು ಆ ಕಡೆ ಸುಳಿಯಲಿಲ್ಲ. ಮತ್ತೆ ಹೋದ ದಿನ ಅಲ್ಲಿನ ಹಳೆಯ ವೇಟರ್ ನನ್ನ ಚಹಾದ ಜೊತೆ ಇನ್ನೊಂದು ಖಾಲಿ ಕಪ್ಪು ತಂದು ಎದುರಿಗಿಟ್ಟ. ಇಟ್ಟ ಮೇಲೆ ಅವನಿಗೆ ನೆನಪಾಯಿತೇನೋ, ಕಪ್ಪಿನ ಕಿವಿ ಹಿಡಿದು ಹಾಗೇ ನಿಂತ. "ಇರಲಿ ಬಿಡಪ್ಪಾ" ಅಂದೆ. ಚಹಾ ಮುಗಿಯುವ ತನಕ ಆ ಕಪ್ಪು ಅಲ್ಲೇ ಇತ್ತು. ನನ್ನ ಮನೆಯವರನ್ನು ಹೀಗೆ ನೆನಪಿಟ್ಟುಕೊಂಡವರು ನಮ್ಮ ಬಳಗದಲ್ಲೂ ಕಡಿಮೆ. ದಿನಕ್ಕೊಂದು ಹೊಸ ಕೆಫೆ ಹುಡುಕಿದರೆ ಇದು ಸಿಗುವುದಿಲ್ಲ, ಮಗಳೇ.

• ಜೋಳದ ರೊಟ್ಟಿಯನ್ನು ಡಬ್ಬಿಯಲ್ಲಿ ತರಿಸಬೇಡ. ಸಂಜೆ ಏಳರ ಮೇಲೆ ಬಹಳ ಬಡಾವಣೆಗಳಲ್ಲಿ ರಸ್ತೆ ಬದಿಗೆ ಒಲೆ ಹೂಡಿ ಹೆಣ್ಣುಮಕ್ಕಳು ಬಡಿಯುತ್ತಾರೆ, ಇಲ್ಲಿ ಜೊನ್ನ ರೊಟ್ಟೆ ಅನ್ನುತ್ತಾರೆ. ಮೊದಲು ಸಪ್ಪಳ ಕೇಳು. ನಡುವೆ ಬಡಿತ ಮೆತ್ತಗೆ, ಅಂಚಿಗೆ ಬಂದಾಗ ಚುರುಕು. ಹಂಚಿಗೆ ಹಾಕಿದ ಮೇಲೆ ಒದ್ದೆ ಬಟ್ಟೆಯಲ್ಲಿ ನೀರು ಸವರುತ್ತಾಳೆ, ಆ ನೀರು ಆರುತ್ತಿದ್ದಂತೆ ತಿರುವುತ್ತಾಳೆ, ರೊಟ್ಟಿ ಪೂರಿಯಂತೆ ಉಬ್ಬುತ್ತದೆ. "ಯಾವೂರವ್ವಾ?" ಎಂದು ಕನ್ನಡದಲ್ಲೇ ಕೇಳಿ ನೋಡು. ಜಹೀರಾಬಾದ್, ನಾರಾಯಣಖೇಡ ಕಡೆಯವಳಾಗಿದ್ದರೆ ಕನ್ನಡದಲ್ಲೇ ಉತ್ತರ ಬಂದೀತು. ನನಗೆ ಒಬ್ಬಾಕೆ ಹಾಗೆ ಸಿಕ್ಕಿದಳು. ಅಂದಿನಿಂದ ನನ್ನ ಎರಡು ರೊಟ್ಟಿಗೆ ಶೇಂಗಾ ಹಿಂಡಿ ತಪ್ಪಿಲ್ಲ.

• ದಸರೆಯಿಂದ ದೀಪಾವಳಿ ತನಕ ಸೀತಾಫಲದ ಕಾಲ. ನಮ್ಮ ಬೀದರಿನ ಗುಡ್ಡದ ಹಣ್ಣು, ಮಹಬೂಬನಗರದ ಕಡೆಯ ಹಣ್ಣು ಎರಡೂ ಇಲ್ಲಿಗೆ ಬರುತ್ತವೆ. ಮಾಗಿದ್ದನ್ನು ಕೊಳ್ಳಬೇಡ. ಕಾಯಿಯ ಕಣ್ಣುಗಳ ನಡುವಿನ ಗೆರೆ ಅಗಲವಾಗಿ ಬೆಳ್ಳಗಾಗಿರಬೇಕು, ಅಂಥದ್ದನ್ನು ತಂದು ಜೋಳದ ಡಬ್ಬಿಯಲ್ಲಿ ಹುಗಿದಿಡು. ಜೋಳ ಇಲ್ಲದಿದ್ದರೆ ಅಕ್ಕಿಯಾದರೂ ಆದೀತು. ಬೆಳಗ್ಗೆ ಆಫೀಸಿಗೆ ಹೊರಡುವ ಮುಂಚೆ ಕೈಹಾಕಿ ಒಂದೊಂದನ್ನೇ ಮುಟ್ಟಿ ನೋಡು. ಎರಡು ದಿನ ಕಲ್ಲಿನಂತೆ ಇದ್ದದ್ದು ಮೂರನೆಯ ದಿನ ಹೆಬ್ಬೆರಳಿಗೆ ಮೆತ್ತಗೆ ತಾಕುತ್ತದೆ. ಕಾದು ತಿಂದ ಹಣ್ಣಿನ ರುಚಿಯನ್ನು ನಾನು ಬರೆದು ಹೇಳಲಾರೆ.

• ಮಾವಿಗೂ ಇದೇ ಮಾತು. ಬೇನಿಷಾ ಎಲ್ಲರಿಗೂ ಗೊತ್ತು. ಹಿಮಾಯತ್ ಬಂದಾಗ ತುಟ್ಟಿಯಾದರೂ ಸರಿ, ಒಂದೇ ಒಂದು ಹಣ್ಣು ತಾ.

• ಅಫ್ಜಲಗಂಜಿನಲ್ಲಿ ಉಸ್ಮಾನಿಯಾ ಆಸ್ಪತ್ರೆಯ ಆವರಣದಲ್ಲಿ ಒಂದು ಹುಣಸೆಮರ ಇದೆ. ಆ ಕಡೆ ಹೋದರೆ ಐದು ನಿಮಿಷ ಅದರ ಹತ್ತಿರ ನಿಲ್ಲು. 1908ರ ಸೆಪ್ಟೆಂಬರ್ 28ರಂದು ಮೂಸಿ ನದಿ ಉಕ್ಕಿ ಅರ್ಧ ಊರನ್ನೇ ಎಳೆದೊಯ್ದಾಗ, ಈ ಮರ ಹತ್ತಿ ಕೂತ 150ಕ್ಕೂ ಹೆಚ್ಚು ಜನ ಬದುಕಿದರೆಂದು ಹೇಳುತ್ತಾರೆ. ಆ ಪ್ರವಾಹದ ನಂತರವೇ ನಿಜಾಮರು ನಮ್ಮ ವಿಶ್ವೇಶ್ವರಯ್ಯನವರನ್ನು ಕರೆಸಿದ್ದು. ಅವರ ಯೋಜನೆಯಿಂದ 1920ರಲ್ಲಿ ಉಸ್ಮಾನ್ ಸಾಗರ, 1927ರಲ್ಲಿ ಹಿಮಾಯತ್ ಸಾಗರ ಜಲಾಶಯಗಳು ಸಿದ್ಧವಾದವು. ಉಸ್ಮಾನ್ ಸಾಗರವನ್ನೇ ಊರವರು ಗಂಡಿಪೇಟ ಅನ್ನುವುದು. ಗಂಡಿಪೇಟದ ನೀರು ಕುಡಿದವರು ಈ ಊರು ಬಿಡುವುದಿಲ್ಲ ಎಂಬ ಮಾತು ಇಲ್ಲಿ ಎಲ್ಲರ ಬಾಯಲ್ಲೂ ಇದೆ. ಮನಸ್ಸು ಭಾರವಾದ ದಿನಗಳಲ್ಲಿ ನಾನು ಆ ಹುಣಸೆಮರದ ಹತ್ತಿರ ಹೋಗುತ್ತೇನೆ. ಚಿಗುರಿನ ಕಾಲದಲ್ಲಿ ಹೋಗು, ಅಷ್ಟು ಹಳೆಯ ಕೊಂಬೆಯಲ್ಲಿ ಎಳೆ ಎಲೆ ಬೆರಳಿನ ಉಗುರಿನಷ್ಟೂ ಇರುವುದಿಲ್ಲ.

• ಮಹಾಲಯ ಅಮಾವಾಸ್ಯೆಯಿಂದ ಒಂಬತ್ತು ದಿನ ಬತುಕಮ್ಮ ಹಬ್ಬ. ತಂಗಡಿ ಹೂವನ್ನು ಸುತ್ತಲೂ ಪೇರಿಸಿ ನಿಮ್ಮ ಅಪಾರ್ಟ್‌ಮೆಂಟಿನ ಕೆಳಗೂ ಇಟ್ಟಿರುತ್ತಾರೆ. ಬಾಲ್ಕನಿಯಿಂದ ವಿಡಿಯೊ ಮಾಡಬೇಡ, ಕೆಳಗಿಳಿ. ಹಾಡು ಬರದಿದ್ದರೂ ಚಪ್ಪಾಳೆ ಬರುತ್ತದಲ್ಲ.

• ಜನವರಿಯಲ್ಲಿ ನಾಂಪಲ್ಲಿಯ ನುಮಾಯಿಷ್‌ಗೆ ಒಂದು ಸಂಜೆ ಇಡು. 1938ರಲ್ಲಿ ಶುರುವಾದ ಜಾತ್ರೆ ಅದು, ಒಂದೂವರೆ ತಿಂಗಳು ನಡೆಯುತ್ತದೆ. ಏನೂ ಕೊಳ್ಳದೆ ತಿರುಗು, ಚಳಿಯಲ್ಲಿ ಬಿಸಿ ಮಿರ್ಚಿ ಭಜಿ ತಿನ್ನು.

• ಭಾನುವಾರ ಆಬಿಡ್ಸ್‌ನ ಅಂಗಡಿಗಳು ಮುಚ್ಚಿದಾಗ ಅವುಗಳ ಮುಂದೆ ಹಳೆಯ ಪುಸ್ತಕ ಹರವುತ್ತಾರೆ. ಕನ್ನಡ ಪುಸ್ತಕ ಅಪರೂಪ, ಕೆದಕಬೇಕು. ನನಗೆ ಒಮ್ಮೆ ಒಂದು ಅಡುಗೆ ಪುಸ್ತಕ ಸಿಕ್ಕಿತು. ಒಳಹಾಳೆಯಲ್ಲಿ ಯಾರೋ ತಾಯಿ ಪೆನ್ಸಿಲಿನಲ್ಲಿ, "ಉಪ್ಪು ಇದರಲ್ಲಿ ಬರೆದದ್ದಕ್ಕಿಂತ ಕಮ್ಮಿ ಹಾಕು" ಎಂದು ಮಗಳಿಗೆ ಬರೆದಿದ್ದಳು. ಈಗ ಅದರಲ್ಲಿ ನೋಡಿ ಮಾಡುವಾಗೆಲ್ಲ ನಾನೂ ಕಮ್ಮಿ ಹಾಕುತ್ತೇನೆ.

• ಕನ್ನಡ ಕೇಳಬೇಕೆನಿಸಿದರೆ ಕಾಚಿಗುಡಕ್ಕೆ ಬಾ. 1956ರ ನವೆಂಬರ್ 1ರ ತನಕ ಬೀದರ್, ಗುಲ್ಬರ್ಗ, ರಾಯಚೂರುಗಳಿಗೆಲ್ಲ ರಾಜಧಾನಿ ಇದೇ ಊರು. ಓದಿಗೆ, ಕೋರ್ಟಿಗೆ ಎಂದು ಬಂದ ನಮ್ಮವರು ಇಲ್ಲೇ ಉಳಿದರು, ನೃಪತುಂಗ ಶಾಲೆ, ಕರ್ನಾಟಕ ಸಾಹಿತ್ಯ ಮಂದಿರ ಕಟ್ಟಿಕೊಂಡರು. ಮಂದಿರದಲ್ಲಿ ಕಾರ್ಯಕ್ರಮ ಇದ್ದಾಗ ಬಾ. ಭಾಷಣ ಮುಗಿದು ಚಪ್ಪಲಿ ಹುಡುಕುವಾಗ ನಡೆಯುವ ಮಾತಿದೆಯಲ್ಲ, ಅದಕ್ಕಾಗಿ ಬಾ.

• ನಿಮ್ಮವ್ವನಿಗೆ ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಬೇಡ, ಗಾಬರಿಯಾಗುತ್ತಾಳೆ. ಸಂಜೆ ಆರಕ್ಕೆ ದೀಪ ಹಚ್ಚಿ ಕಟ್ಟೆಯ ಮೇಲೆ ಕೂತಿರುತ್ತಾಳೆ. ಆಗ ಮಾಡು. ಇಂದು ಏನು ಪಲ್ಯ ಎಂದು ಕೇಳು, ಅಷ್ಟು ಸಾಕು.

• ಬರುವ ಭಾನುವಾರ ಆರೂವರೆಗೆ ಕಾಚಿಗುಡ ಸ್ಟೇಷನ್ ಎದುರು ನಿಂತಿರುತ್ತೇನೆ. 1916ರಲ್ಲಿ ಕಟ್ಟಿದ ಸ್ಟೇಷನ್ನು, ಬಂದವಳೇ ತಲೆಯೆತ್ತಿ ಅದರ ಗುಮ್ಮಟ ನೋಡು. ಸೀತಾಫಲಕ್ಕೆ ಒಂದು ಗಟ್ಟಿ ಚೀಲ ತಾ. ಹೋಟೆಲಿನಲ್ಲಿ ನನ್ನ ಮೇಜು ಗೋಡೆಯ ಕಡೆಯದು. ಒನ್ ಬೈ ಟೂ ಹೇಳೋಣ.